ಕಾವಲಿಯ ಮೇಲೆ ಬಂಗುಡೆ

ಮೀನು ಹುರಿಯುವುದನ್ನು ಪಾಠ ಮಾಡಿ ಹೇಳಬೇಕೇ? ಈ ಪುಸ್ತಕ ಬರೆಯುವಾಗ ನಮ್ಮಲ್ಲೇ ಈ ಮಾತು ಬಂತು. ಕರಾವಳಿಯ ಅಕ್ಕಂದಿರು ನಗಬಹುದು. ಅವರು ತೊಟ್ಟಿಲಲ್ಲೇ ಮೀನಿನ ವಾಸನೆ ಕಂಡವರು. ಆದರೆ ಈಗ ಬಂಗುಡೆ ಐಸಿನ ಪೆಟ್ಟಿಗೆಯಲ್ಲಿ ಕೂತು ಘಟ್ಟ ಹತ್ತುತ್ತದೆ. ಹಾಸನ, ಶಿವಮೊಗ್ಗ, ಮೈಸೂರಿನಲ್ಲೂ ಸಿಗುತ್ತದೆ. ಅಲ್ಲಿಯ ಅಕ್ಕಂದಿರು ಕೇಳುತ್ತಾರೆ: "ನಾವು ಹುರಿದರೆ ಮೀನು ಕಾವಲಿಗೇ ಅಂಟಿಕೊಳ್ತದೆ. ಯಾಕೆ?"

ಇನ್ನೊಂದು ಕಾರಣವೂ ಇದೆ. ಹುರಿಯಲು ಚೆನ್ನಾಗಿ ಬಲ್ಲವರಿಗೂ ಗೊತ್ತಿರದ ಒಂದು ಸಂಗತಿ ಬಂಗುಡೆಯಲ್ಲಿ ಇದೆ. ಅದು ಆರೋಗ್ಯದ ಸಂಗತಿ. ಅದನ್ನು ಓದದೆ ಪುಟ ತಿರುಗಿಸಬೇಡಿ.

ಕೊಳ್ಳುವಾಗ

"ಅಕ್ಕಾ, ಬಂಗುಡೆ ಹೇಗೆ?"

"ಕಿಲೋಗೆ 240. ಇವತ್ತಿನದೇ. ಬೇಗ ತಗೊಳ್ಳಿ."

"ಕಿವಿರು ಎತ್ತಿ ನೋಡ್ತೇನೆ ಅಕ್ಕಾ."

"ನೋಡಿ, ನೋಡಿ. ನೋಡಿಯೇ ತಗೊಳ್ಳಿ."

ನೋಡಲು ನಾಚಿಕೆ ಬೇಡ. ದುಡ್ಡು ನಿಮ್ಮದು. ತಾಜಾ ಮೀನಿನ ಕಣ್ಣು ಹೊಳೆಯುತ್ತದೆ, ಸ್ವಲ್ಪ ಉಬ್ಬಿರುತ್ತದೆ. ಹಳೆಯ ಮೀನಿನ ಕಣ್ಣು ಮಂಕಾಗಿ ಒಳಗೆ ಇಳಿದಿರುತ್ತದೆ. ಕಿವಿರು ಎತ್ತಿದರೆ ಕೆಂಪಾಗಿ ಕಾಣಬೇಕು. ಕಂದು ಬಣ್ಣ, ಬೂದು ಬಣ್ಣ ಆಗಿದ್ದರೆ ಬೇಡ. ಬೆರಳಿನಿಂದ ಒತ್ತಿ. ಒತ್ತಿದ ಗುಳಿ ಹಾಗೇ ಉಳಿದರೆ ಆ ಮೀನು ಹಳೆಯದು. ಹೊಟ್ಟೆ ಒಡೆದಿರಬಾರದು. ವಾಸನೆ ಸಮುದ್ರದ ವಾಸನೆ ಆಗಿರಬೇಕು, ಮೂಗು ಮುಚ್ಚುವ ವಾಸನೆ ಅಲ್ಲ.

ಈಗ ಲೆಕ್ಕ. ಕಿಲೋಗೆ 240 ರೂಪಾಯಿ ಅಂದರೆ ಅರ್ಧ ಕಿಲೋಗೆ 120. ಮುಕ್ಕಾಲು ಕಿಲೋಗೆ 180. ನೀವು 500 ರೂಪಾಯಿ ನೋಟು ಕೊಟ್ಟರೆ ವಾಪಸು ಬರಬೇಕಾದದ್ದು 320. ಇದು ಲೆಕ್ಕಕ್ಕಾಗಿ ಹೇಳಿದ ದರ. ಮೀನಿನ ದರ ದಿನಕ್ಕೊಂದು ಬಗೆ. ಮಳೆಗಾಲದಲ್ಲಿ ಏರುತ್ತದೆ. ಯಾಕೆ ಗೊತ್ತೇ? ಮೀನು ಮರಿ ಮಾಡುವ ಕಾಲ ಎಂದು ನಮ್ಮ ಕರಾವಳಿಯಲ್ಲಿ ಜೂನ್ 1 ರಿಂದ ಜುಲೈ 31 ರವರೆಗೆ, 61 ದಿನ, ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಮಲ್ಪೆ, ಮಂಗಳೂರು, ಕಾರವಾರದಲ್ಲಿ ದೋಣಿಗಳು ದಡದಲ್ಲಿ ಸಾಲಾಗಿ ನಿಂತಿರುತ್ತವೆ. ನಾಡದೋಣಿಯವರು ತಂದದ್ದು ಸಿಗುತ್ತದೆ, ಅದು ಸ್ವಲ್ಪ. ಉಳಿದದ್ದು ದೂರದಿಂದ ಐಸಿನಲ್ಲಿ ಬಂದದ್ದು.

ಐಸ್ ಯಾಕೆ ಬೇಕು

ಇದೇ ನಾವು ಹೇಳಿದ ಸಂಗತಿ. ಬಂಗುಡೆ, ಭೂತಾಯಿಯಂಥ ಮೀನು ಸೆಕೆಯಲ್ಲಿ ಕೆಲವು ಗಂಟೆ ಉಳಿದರೆ ಅದರ ಮಾಂಸದಲ್ಲಿ ಒಂದು ವಿಷ ಹುಟ್ಟುತ್ತದೆ. ಅದರ ಹೆಸರು ಹಿಸ್ಟಮಿನ್. ಬಿಡಿಸಿ ಓದಿ: ಹಿ-ಸ್ಟ-ಮಿನ್. ಕಣ್ಣಿಗೆ ಕಾಣದ ಸೂಕ್ಷ್ಮ ಜೀವಿಗಳು ಇದನ್ನು ಮಾಡುತ್ತವೆ. ಹುರಿದರೆ ಆ ಜೀವಿಗಳು ಸಾಯುತ್ತವೆ. ಆದರೆ ಅವು ಮಾಡಿಟ್ಟ ವಿಷ ಹೋಗುವುದಿಲ್ಲ. ಕುದಿಸಿದರೂ ಹೋಗುವುದಿಲ್ಲ. ಆಮೇಲೆ ಫ್ರಿಜ್ಜಿನಲ್ಲಿ ಇಟ್ಟರೂ ಹೋಗುವುದಿಲ್ಲ. ಹುಳಿ, ಖಾರ ಜಾಸ್ತಿ ಹಾಕಿದರೆ ವಾಸನೆ ಮುಚ್ಚುತ್ತದೆ, ಅಷ್ಟೆ. ಕೆಲವು ಸಲ ಮೀನು ನೋಡಲು ಚೆನ್ನಾಗಿಯೇ ಇರುತ್ತದೆ, ವಾಸನೆಯೂ ಇರುವುದಿಲ್ಲ. ಬಾಯಿಗೆ ಇಟ್ಟಾಗ ನಾಲಿಗೆ ಚುರುಚುರು ಎಂದರೆ ಉಗಿದುಬಿಡಿ.

ಅಂಥ ಮೀನು ತಿಂದರೆ ಏನಾಗುತ್ತದೆ? ಕೆಲವೇ ನಿಮಿಷದಲ್ಲಿ, ಇಲ್ಲವೇ ಒಂದೆರಡು ಗಂಟೆಯಲ್ಲಿ, ಮುಖ ಕೆಂಪಾಗಿ ಬಿಸಿಯಾಗುತ್ತದೆ. ಮೈ ತುರಿಸುತ್ತದೆ, ತಲೆ ನೋಯುತ್ತದೆ, ಎದೆ ಡವಡವ ಹೊಡೆದುಕೊಳ್ಳುತ್ತದೆ. ವಾಂತಿ, ಭೇದಿ ಆಗಬಹುದು. ಉಸಿರಾಟ ಕಷ್ಟವಾದರೆ ಒಂದು ನಿಮಿಷವೂ ಕಾಯಬೇಡಿ, ಆಸ್ಪತ್ರೆಗೆ ಹೋಗಿ. ಯಾವ ಮೀನು, ಎಷ್ಟು ಹೊತ್ತಿಗೆ ತಿಂದದ್ದು ಎಂದು ಡಾಕ್ಟರಿಗೆ ಹೇಳಿ.

ಹೀಗಾದಾಗ ನಮ್ಮ ಜನ "ಬಂಗುಡೆ ನಂಜು" ಅನ್ನುತ್ತಾರೆ. ಕೆಲವರ ಮೈಗೆ ಮೀನು ನಿಜವಾಗಿಯೂ ಒಗ್ಗುವುದಿಲ್ಲ, ಅದು ಬೇರೆ ಮಾತು. ಆದರೆ ಎಷ್ಟೋ ಸಲ ತಪ್ಪು ಬಂಗುಡೆಯದಲ್ಲ. ಐಸ್ ಇಲ್ಲದೆ ಬಿಸಿಲಲ್ಲಿ ಕೂತ ಹೊತ್ತಿನದು.

ಆದ್ದರಿಂದ ಸಂತೆಯಲ್ಲಿ ಮೊದಲು ತರಕಾರಿ, ಬೇಳೆ, ಸಾಬೂನು ಎಲ್ಲಾ ಕೊಳ್ಳಿ. ಮೀನು ಕೊನೆಗೆ ಕೊಳ್ಳಿ. ಐಸಿನ ಮೇಲೆ ಇಟ್ಟ ಮೀನನ್ನೇ ಕೇಳಿ. ದೂರ ಹೋಗುವವರು ಒಂದು ಹಿಡಿ ಐಸ್ ಕೇಳಿ ಇಸಕೊಳ್ಳಿ. ಮನೆಗೆ ಬಂದ ಕೂಡಲೇ ಮೀನಿನ ಕೆಲಸ. ಚೀಲ ಮೂಲೆಗೆ ಇಟ್ಟು ಟಿವಿ ಮುಂದೆ ಕೂತರೆ ಆಯ್ತು, ಕೆಟ್ಟಿತು.

ತೊಳೆದು ಮಸಾಲೆ ಹಚ್ಚುವುದು

ಮೆಟ್ಟುಕತ್ತಿಯೋ ಈಳಿಗೆಯೋ, ಕೈಗೆ ಒಗ್ಗಿದ್ದು ತಗೊಳ್ಳಿ. ರೆಕ್ಕೆ ಕತ್ತರಿಸಿ. ಕಿವಿರು, ಕರುಳು ತೆಗೆಯಿರಿ. ಉಪ್ಪು ಹಾಕಿ ಉಜ್ಜಿ, ಎರಡು ಮೂರು ನೀರಿನಲ್ಲಿ ತೊಳೆಯಿರಿ. ಎರಡೂ ಮಗ್ಗುಲಿಗೆ ಮೂರು ಮೂರು ಗೀರು ಹಾಕಿ. ಇನ್ನು ಮುಖ್ಯವಾದ ಕೆಲಸ: ಮೀನಿನ ನೀರು ಪೂರ್ತಿ ಬಸಿಯಬೇಕು. ಶುಭ್ರವಾದ ಬಟ್ಟೆಯಿಂದ ಒತ್ತಿ ಒರೆಸಿದರೆ ಇನ್ನೂ ಒಳ್ಳೆಯದು.

4 ಬಂಗುಡೆಗೆ ಮಸಾಲೆ ಇಷ್ಟು. ಬ್ಯಾಡಗಿ ಮೆಣಸಿನ ಪುಡಿ 3 ಚಮಚ, ಅರಿಶಿನ ಅರ್ಧ ಚಮಚ, ಉಪ್ಪು 1 ಚಮಚ. ಬೆಳ್ಳುಳ್ಳಿ 6 ಎಸಳು, ಶುಂಠಿ ಒಂದು ಚೂರು. ನೆಲ್ಲಿಕಾಯಿ ಗಾತ್ರದ ಹುಣಸೆಹಣ್ಣು. ಎಲ್ಲಾ ಗಟ್ಟಿಯಾಗಿ ಅರೆಯಿರಿ. ನೀರಾದರೆ ಮಸಾಲೆ ಕಾವಲಿಗೆ ಇಳಿದು ಸೀಯುತ್ತದೆ. ಬ್ಯಾಡಗಿಗೆ ಬಣ್ಣ ಜಾಸ್ತಿ, ಖಾರ ಕಡಿಮೆ. ಬೇರೆ ಮೆಣಸು ಆದರೆ ಅಳತೆ ಇಳಿಸಿ. ಗೀರಿನ ಒಳಗೂ ಹಚ್ಚಿ 20 ನಿಮಿಷ ಮುಚ್ಚಿಡಿ.

ರವೆಯಲ್ಲಿ ಹೊರಳಿಸಬೇಕೇ? ಕಾಣೆ ಮೀನಿಗೆ ರವೆ ಚೆನ್ನ. ಬಂಗುಡೆಗೆ ಬೇಡ ಎಂದು ನಮ್ಮ ಅಭಿಪ್ರಾಯ. ಅದರಲ್ಲೇ ಎಣ್ಣೆ ಇದೆ. ನಮ್ಮಲ್ಲಿ ಒಬ್ಬರು ಇದನ್ನು ಒಪ್ಪುವುದಿಲ್ಲ, ಅವರ ಮನೆಯಲ್ಲಿ ಎಲ್ಲದಕ್ಕೂ ರವೆಯೇ.

ಹುರಿಯುವುದು

ಈಗ ಅಂಟುವ ಪ್ರಶ್ನೆಗೆ ಬರೋಣ. ಕಾವಲಿ ಕಾಯದೆ ಮೀನು ಇಟ್ಟರೆ ಅಂಟುತ್ತದೆ. ಮೀನು ಒದ್ದೆ ಇದ್ದರೆ ಅಂಟುತ್ತದೆ. ಅವಸರಪಟ್ಟು ಮಗುಚಿದರೂ ಅಂಟುತ್ತದೆ. ಮೂರರಲ್ಲಿ ಮೂರನೆಯದೇ ಹೆಚ್ಚು.

ಕಬ್ಬಿಣದ ಕಾವಲಿ ಒಲೆಯ ಮೇಲೆ ಇಡಿ. ಎಣ್ಣೆ ಹಾಕುವ ಮೊದಲು ಎರಡು ಹನಿ ನೀರು ಚಿಮುಕಿಸಿ. ಚುಂಯ್ ಎಂದು ಆರಬೇಕು. ನೀರು ಪೂರ್ತಿ ಆರಿದ ಮೇಲೆ ಎಣ್ಣೆ ಹಾಕಿ. ತೆಂಗಿನೆಣ್ಣೆ ಆದರೆ ರುಚಿ ಬೇರೆಯೇ. ಎಣ್ಣೆ ಕಾದ ಮೇಲೆ ಮೀನನ್ನು ನಿಮ್ಮಿಂದ ಆಚೆಗೆ ಮಲಗಿಸಿ, ಆಗ ಎಣ್ಣೆ ಕೈಗೆ ಸಿಡಿಯುವುದಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಳ್ಳಿ. ಒಂದು ಸಲಕ್ಕೆ ಎರಡೇ ಮೀನು. ನಾಲ್ಕೂ ತುಂಬಿದರೆ ಕಾವಲಿಯ ಕಾವು ಇಳಿಯುತ್ತದೆ, ಮೀನು ಹುರಿಯುವ ಬದಲು ಬೇಯುತ್ತದೆ.

ಉರಿ ಮಧ್ಯಮ ಇರಲಿ. ಇನ್ನು 4–5 ನಿಮಿಷ ಮುಟ್ಟಬೇಡಿ. ಸಟ್ಟುಗ ಕೆಳಗಿಡಿ. ಇದು ಕಷ್ಟ, ನಮಗೆ ಗೊತ್ತು. ತಳ ಗರಿಯಾದ ಮೇಲೆ ಮೀನು ತಾನೇ ಕಾವಲಿ ಬಿಡುತ್ತದೆ. ಸಟ್ಟುಗ ತೂರಿಸಿ ನೋಡಿ. ಬಿಡಲಿಲ್ಲವೇ? ಇನ್ನೊಂದು ನಿಮಿಷ ಕಾಯಿರಿ. ಮಗುಚುವುದು ಒಂದೇ ಸಲ. ಮಗುಚಿದ ಮೇಲೆ ನಾಲ್ಕು ಎಸಳು ಕರಿಬೇವು ಹಾಕಿ, ಮತ್ತೆ 4 ನಿಮಿಷ. ದಪ್ಪ ಇರುವ ಕಡೆ ಗೀರನ್ನು ಬಿಡಿಸಿ ನೋಡಿ. ಮಾಂಸ ಬೆಳ್ಳಗಾಗಿ ಮುಳ್ಳಿನಿಂದ ಬಿಟ್ಟು ಬಂದರೆ ಬೆಂದಿದೆ. ಮುಳ್ಳಿನ ಹತ್ತಿರ ಕೆಂಪು ಇದ್ದರೆ ಇನ್ನೂ ಬೇಕು.

ಕಾಟ್ಲಾ, ರೋಹು ಸಿಗುವ ಊರಿನವರು ಬೆರಳು ದಪ್ಪದ ತುಂಡು ಮಾಡಿ ಹೀಗೆಯೇ ಹುರಿಯಬಹುದು.

ಎಣ್ಣೆಗೆ ಬೆಂಕಿ ಹತ್ತಿದರೆ ನೀರು ಸುರಿಯಬೇಡಿ, ಬೆಂಕಿ ಹಾರುತ್ತದೆ. ಒಲೆ ಆರಿಸಿ, ಮೇಲೆ ದೊಡ್ಡ ಮುಚ್ಚಳ ಕವುಚಿ.

ಬಡಿಸುವಾಗ

4 ಬಂಗುಡೆ. ಮನೆಯಲ್ಲಿ 5 ಜನ. ಗಂಡಸರ ಊಟ ಆಯ್ತು. ಮಕ್ಕಳದ್ದು ಆಯ್ತು. ಅತ್ತೆಯದ್ದೂ ಆಯ್ತು. ಕೊನೆಗೆ ಕಾವಲಿಯಲ್ಲಿ ಉಳಿದ ಮಸಾಲೆಗೆ ಬಿಸಿ ಅನ್ನ ಹಾಕಿ ಒರೆಸಿಕೊಂಡು ಉಣ್ಣುವವರು ಯಾರು? ಅದು ಬಲು ರುಚಿ, ಸುಳ್ಳಲ್ಲ. ಆದರೆ ಅದರಲ್ಲಿ ಮಸಾಲೆ ಇದೆ, ಮೀನು ಇಲ್ಲ.

ಬಂಗುಡೆಯಲ್ಲಿ ಮೈ ಕಟ್ಟುವ ಪ್ರೋಟೀನ್ ಇದೆ. ಹೃದಯಕ್ಕೆ ಒಳ್ಳೆಯದಾದ ಎಣ್ಣೆಯ ಅಂಶ ಇದೆ. ಮೂಳೆಗೆ ಬೇಕಾದ ಡಿ ಜೀವಸತ್ವ ಇದೆ. ಬಸುರಿಯ ಹೊಟ್ಟೆಯಲ್ಲಿರುವ ಮಗುವಿನ ಮೆದುಳು ಬೆಳೆಯಲು ಈ ಎಣ್ಣೆಯೇ ಬೇಕು. ದೊಡ್ಡ ದೊಡ್ಡ ಮೀನಿನಲ್ಲಿ ಪಾದರಸ ಸೇರಿರುವ ಭಯ ಹೆಚ್ಚು. ಬಂಗುಡೆ, ಭೂತಾಯಿಯಂಥ ಸಣ್ಣ ಮೀನಿನಲ್ಲಿ ಅದು ಕಡಿಮೆ. ತಾಜಾ ಮೀನನ್ನು ಚೆನ್ನಾಗಿ ಬೇಯಿಸಿ ಬಸುರಿಗೆ, ಬಾಣಂತಿಗೆ ಕೊಡಬಹುದು. ಮನೆಯ ಹಿರಿಯರು ಬೇಡ ಅಂದರೆ ಜಗಳ ಬೇಡ. ಆಶಾ ಕಾರ್ಯಕರ್ತೆಯನ್ನೋ ನರ್ಸಮ್ಮನನ್ನೋ ಮನೆಗೆ ಕರೆದು ಅವರ ಬಾಯಿಂದಲೇ ಹೇಳಿಸಿ.

ಬಡಿಸುವ ಮೊದಲು ಒಂದೊಂದು ಬಂಗುಡೆಯನ್ನೂ ಅಡ್ಡಕ್ಕೆ ಎರಡು ತುಂಡು ಮಾಡಿ. 8 ತುಂಡು ಆಯ್ತು. ನಿಮ್ಮ ತುಂಡನ್ನು ನಿಮ್ಮ ತಟ್ಟೆಗೆ ಹಾಕಿ ಮುಚ್ಚಿಟ್ಟು, ಆಮೇಲೆ ಉಳಿದವರಿಗೆ ಬಡಿಸಿ. ಬಾಲವೇ ಯಾವಾಗಲೂ ನಿಮಗೆ ಬರಬೇಕೆಂದಿಲ್ಲ.

ಸಣ್ಣ ಮಕ್ಕಳಿಗೆ ಮುಳ್ಳು ಬಿಡಿಸಿ ಕೊಡಿ. ಮುಳ್ಳು ಗಂಟಲಿಗೆ ಸಿಕ್ಕಿಕೊಂಡರೆ ಅನ್ನದ ಉಂಡೆ, ಬಾಳೆಹಣ್ಣು ನುಂಗಿಸುತ್ತೇವೆ ಅಲ್ವಾ? ಹಾಗೆ ಮಾಡಿದರೆ ಮುಳ್ಳು ಇನ್ನೂ ಒಳಗೆ ಚುಚ್ಚಬಹುದು. ಬೆರಳು ಹಾಕಿ ಕೆದಕಲೂಬಾರದು. ಡಾಕ್ಟರ ಹತ್ತಿರ ಹೋಗಿ.

ಕಾವಲಿ ತಣ್ಣಗಾದ ಮೇಲೆ ತೊಳೆದು, ಒಲೆಯ ಮೇಲೆ ಇಟ್ಟು ಆರಿಸಿ, ಒಂದು ಹನಿ ಎಣ್ಣೆ ಸವರಿಡಿ. ತುಕ್ಕು ಹಿಡಿಯುವುದಿಲ್ಲ, ಮುಂದಿನ ಸಲ ಮೀನು ಅಷ್ಟು ಅಂಟುವುದೂ ಇಲ್ಲ. ದೋಸೆಗೆ ಬೇರೆ ಕಾವಲಿ ಇದ್ದರೆ ಒಳ್ಳೆಯದು.

ಬರೆಯಿರಿ

1. ನಿಮ್ಮ ಊರಿಗೆ ಬರುವ 5 ಮೀನುಗಳ ಹೆಸರು.

2. ಬಂಗುಡೆ ಕಿಲೋಗೆ 240 ರೂಪಾಯಿ. ಒಂದೂಕಾಲು ಕಿಲೋಗೆ ಎಷ್ಟು? ನೀವು 500 ರೂಪಾಯಿ ಕೊಟ್ಟರೆ ವಾಪಸು ಎಷ್ಟು ಬರಬೇಕು?

3. ಕಳೆದ ಸಲ ನಿಮ್ಮ ಮನೆಯಲ್ಲಿ ಮೀನು ಮಾಡಿದಾಗ ಯಾರ ಯಾರ ತಟ್ಟೆಗೆ ಎಷ್ಟು ತುಂಡು ಬಂತು? ಹೆಸರಿನ ಮುಂದೆ ಅಂಕಿ ಬರೆಯಿರಿ. ನಿಮ್ಮ ಹೆಸರನ್ನೂ ಬರೆಯಿರಿ.