ಹೋರಿಯ ನಂಬರು ಬರೆದಿಟ್ಟಿದ್ದೀರಾ? ನಮ್ಮ ಕೊಟ್ಟಿಗೆಗೆ ಬಂದ ಜೈವಿಕ ತಂತ್ರಜ್ಞಾನ



ಕಳೆದ ದೀಪಾವಳಿಯ ಹಿಂದಿನ ವಾರ ಅಥಣಿ ತಾಲೂಕಿನ ಒಂದು ಹಳ್ಳಿಗೆ ಹೋಗಿದ್ದೆ. ಅಲ್ಲಿ ಒಬ್ಬ ತಾಯಿ ತಮ್ಮ ಎಚ್.ಎಫ್. ಮಿಶ್ರತಳಿಯ ಮಣಕವನ್ನು ಮಾರಲು ನಿಂತಿದ್ದರು. ಮೊದಲ ಗಬ್ಬ, ಮೈಕಟ್ಟು ಚೆಂದ. ಕೊಳ್ಳಲು ಬಂದವರು ಮಿರಜ ಕಡೆಯವರು. ಅವರು ಕೇಳಿದ್ದು ಮೂರೇ ಪ್ರಶ್ನೆ: "ಇದರ ತಾಯಿ ಎಷ್ಟು ಹಾಲ ಹಿಂಡತಿತ್ತು? ಯಾವ ಹೋರಿ ಬೀಜ? ಇದಕ್ಕ ಇಂಜೆಕ್ಷನ್ ಯಾವ ತಾರೀಖಿಗೆ ಆಗೇತಿ?"

"ತಾಯಿ ಚಲೋ ಹಿಂಡತಿತ್ರಿ. ಬೀಜ ಡೇರಿಯವರು ತಂದದ್ದ ರೀ. ಶ್ರಾವಣದಾಗ ಮಾಡಿಸೇನಿ." ಅವರು ಹೇಳಿದ್ದೆಲ್ಲ ನಿಜವೇ. ಆದರೆ ಕಾಗದದ ಮೇಲೆ ಒಂದಕ್ಷರವೂ ಇರಲಿಲ್ಲ. ಬಂದವರು ಬರೀ ಮೈ ನೋಡಿ ಬೆಲೆ ಕಟ್ಟಿದರು. ಹಬ್ಬದ ಖರ್ಚು ಮುಂದಿತ್ತು, ಆ ಬೆಲೆಗೇ ಮಣಕ ಹೋಯಿತು.

ಆ ಮಣಕದ ತಾಯಿಗೆ ಬೀಜ ಹಾಕಿದವಳು ನಾನೇ. ಹೋರಿಯ ನಂಬರು ನನ್ನ ರಿಜಿಸ್ಟರಿನಲ್ಲಿ ಇತ್ತು, ಅವರ ಕೈಯಲ್ಲಿ ಇರಲಿಲ್ಲ. ಅಂದು ಮಳೆ, ಮುಂದಿನ ಊರಿನಿಂದ ಫೋನ್ ಮೇಲೆ ಫೋನ್. ಚೀಟಿ ಬರೆದು ಕೊಡದೆ ಹೊರಟುಬಿಟ್ಟಿದ್ದೆ. ನಾನು ಇದನ್ನು ಹೇಳಿದಾಗ ಆ ತಾಯಿ, "ಇರ್ಲಿ ಬಿಡ್ರಿ ಮೇಡಂ, ಮುಂದಿನದಕ್ಕ ಬರದ ಕೊಡ್ರಿ" ಅಂದರು. ಈ ಪಾಠ ಬರೆಯಲು ಆ ಮಾತೇ ಕಾರಣ.

ಜೈವಿಕ ತಂತ್ರಜ್ಞಾನ ಎಂದರೆ ಏನು?

ಜೀವಿಗಳನ್ನು, ಜೀವಕಣಗಳನ್ನು ಬಳಸಿ ನಮಗೆ ಬೇಕಾದುದನ್ನು ಪಡೆಯುವ ವಿದ್ಯೆ ಇದು. ರಾತ್ರಿ ಹಾಲಿಗೆ ಹೆಪ್ಪು ಹಾಕುವಾಗ ನೀವು ಮಾಡುವುದೂ ಅದನ್ನೇ. ಹಾಲನ್ನು ಮೊಸರು ಮಾಡುವುದು ಕಣ್ಣಿಗೆ ಕಾಣದ ಜೀವಾಣುಗಳು. ಹೆಸರು ಕೇಳಿ ಬೆಂಗಳೂರಿನ ಕಂಪನಿಗಳ ಮಾತು ಎಂದುಕೊಳ್ಳಬೇಡಿ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡದ ಹಳ್ಳಿಗಳಿಗೆ ಅದು ಮೋಟಾರ್ ಸೈಕಲ್ ಮೇಲೆ, ದ್ರವ ಸಾರಜನಕದ ಕ್ಯಾನಿನಲ್ಲಿ ಬರುತ್ತದೆ.

ಕೃತಕ ಗರ್ಭಧಾರಣೆ ನಮ್ಮ ನಾಡಿಗೆ ಹೊಸದಲ್ಲ. 1939ರಲ್ಲಿ ಮೈಸೂರಿನ ಅರಮನೆ ಡೇರಿ ಫಾರ್ಮ್‌ನಲ್ಲಿ ಸಂಪತ್ ಕುಮಾರನ್ ಅವರು ಹಳ್ಳಿಕಾರ್ ಹಸುಗಳ ಮೇಲೆ ಇದನ್ನು ಮಾಡಿ ತೋರಿಸಿದರು. ಭಾರತದಲ್ಲಿ ಇದರ ಆರಂಭ ಅಲ್ಲಿಂದಲೇ. ಇಂದು ಹೆಸರಘಟ್ಟದ ನಂದಿನಿ ವೀರ್ಯ ಕೇಂದ್ರದಂತಹ ಕಡೆ ಆರಿಸಿದ ಹೋರಿಗಳ ವೀರ್ಯವನ್ನು ಸಣ್ಣ ಸ್ಟ್ರಾಗಳಲ್ಲಿ ತುಂಬಿ, ಸೊನ್ನೆಗಿಂತ 196 ಡಿಗ್ರಿ ಕೆಳಗಿನ ಚಳಿಯಲ್ಲಿ ಇಡುತ್ತಾರೆ. ಆ ಚಳಿ ಕೆಡದಿದ್ದರೆ ಬೀಜ ವರ್ಷಗಟ್ಟಲೆ ಉಳಿಯುತ್ತದೆ. ಪ್ರತಿ ಸ್ಟ್ರಾ ಮೇಲೆ ಹೋರಿಯ ನಂಬರು ಅಚ್ಚಾಗಿರುತ್ತದೆ. ಅದೇ ನಿಮ್ಮ ಕರುವಿನ ಅಪ್ಪನ ಹೆಸರು.

ಹೆಣ್ಣುಗರುವಿನ ಬೀಜ

ಲಿಂಗ ನಿರ್ಧರಿತ ವೀರ್ಯದ ಬಗ್ಗೆ ನೀವು ಕೇಳಿರುತ್ತೀರಿ. ಹೆಣ್ಣುಗರು ಕೊಡುವ ವೀರ್ಯಾಣುವಿನಲ್ಲಿ ಗಂಡುಗರು ಕೊಡುವುದಕ್ಕಿಂತ ಡಿಎನ್‌ಎ ಸುಮಾರು ಶೇ. 4ರಷ್ಟು ಹೆಚ್ಚು ಇರುತ್ತದೆ. ಯಂತ್ರವು ಬಣ್ಣ ಮತ್ತು ಲೇಸರ್ ಬೆಳಕಿನಿಂದ ಈ ವ್ಯತ್ಯಾಸ ಗುರುತಿಸಿ ಬೇರೆ ಮಾಡುತ್ತದೆ. ಇದನ್ನು ಬಳಸಿದರೆ ಹುಟ್ಟುವ ಹತ್ತು ಕರುಗಳಲ್ಲಿ ಸುಮಾರು ಒಂಬತ್ತು ಹೆಣ್ಣು. 2024ರ ಅಕ್ಟೋಬರ್ 5ರಂದು ಮಹಾರಾಷ್ಟ್ರದ ವಾಶಿಮ್‌ನಲ್ಲಿ ನಮ್ಮ ದೇಶದಲ್ಲೇ ಬೆಳೆಸಿದ ಈ ತಂತ್ರಜ್ಞಾನ ಬಿಡುಗಡೆಯಾಯಿತು; ಒಂದು ಡೋಸಿನ ಬೆಲೆ ಸುಮಾರು 200 ರೂಪಾಯಿ ಇಳಿಸುವುದು ಅದರ ಗುರಿ.

ಆದರೆ ಮೂರು ಮಾತು ತಿಳಿದಿರಲಿ. ಒಂದು, ಸಾಮಾನ್ಯ ಸ್ಟ್ರಾದಲ್ಲಿ ಸುಮಾರು 2 ಕೋಟಿ ವೀರ್ಯಾಣು ಇದ್ದರೆ ಇದರಲ್ಲಿ ಸುಮಾರು 20 ಲಕ್ಷ ಮಾತ್ರ; ಗಬ್ಬ ನಿಲ್ಲುವ ಪ್ರಮಾಣ ಸ್ವಲ್ಪ ಕಡಿಮೆ. ಎರಡು, ಇದನ್ನು ಆರೋಗ್ಯವಂತ ಮಣಕಗಳಿಗೆ, ಒಂದೆರಡು ಸಲ ಈದ ಆಕಳುಗಳಿಗೆ ಬಳಸಿ. ಪದೇ ಪದೇ ತಿರುಗಿ ಬೆದೆಗೆ ಬರುವ ದನಕ್ಕೆ ಬೇಡ. ಮೂರು, ಬೆದೆಯ ಹೊತ್ತು ಸರಿಯಾಗಿ ಹೇಳಬೇಕಾದವರು ನೀವು. ಬೆಳಿಗ್ಗೆ ಬೆದೆ ಕಂಡರೆ ಅಂದು ಸಂಜೆ, ಸಂಜೆ ಕಂಡರೆ ಮರುದಿನ ಬೆಳಿಗ್ಗೆ ಬೀಜ ಹಾಕಿಸಬೇಕು. ಎಮ್ಮೆಗಳು ಸದ್ದಿಲ್ಲದೆ ಬೆದೆಗೆ ಬರುತ್ತವೆ; ನಸುಕಿನಲ್ಲಿ ಹಾಗೂ ರಾತ್ರಿ ಮಲಗುವ ಮುನ್ನ ಒಮ್ಮೆ ಲೋಳೆ ನೋಡಿ. ಒಂದು ಬೆದೆ ತಪ್ಪಿದರೆ 21 ದಿನ ಹೋದವು. ನಿಮ್ಮ ಒಂದು ದಿನದ ಮೇವು-ಹಿಂಡಿಯ ಖರ್ಚನ್ನು 21ರಿಂದ ಗುಣಿಸಿ ನೋಡಿ, ನಷ್ಟದ ಲೆಕ್ಕ ಸಿಗುತ್ತದೆ.

ಬಾಡಿಗೆ ತಾಯಿ

ಇನ್ನೊಂದು ಹೆಜ್ಜೆ ಮುಂದೆ ಹೋದರೆ ಭ್ರೂಣ ವರ್ಗಾವಣೆ. ಬಹಳ ಹಾಲು ಕೊಡುವ ಆಕಳಿನ ಅಂಡಗಳನ್ನು ಸೂಜಿಯಿಂದ ತೆಗೆದು, ಪ್ರಯೋಗಾಲಯದಲ್ಲಿ ಒಳ್ಳೆಯ ಹೋರಿಯ ವೀರ್ಯದೊಡನೆ ಸೇರಿಸಿ, ಸುಮಾರು ಏಳು ದಿನ ಬೆಳೆಸಿ, ಬೇರೆ ಸಾಧಾರಣ ಆಕಳಿನ ಗರ್ಭದಲ್ಲಿ ಇಡುತ್ತಾರೆ. ಹೊರುವ ಆಕಳು ಯಾವುದೇ ಇರಲಿ, ಕರು ಮಾತ್ರ ದೊಡ್ಡ ತಾಯಿಯದು. ಪುಣೆ ಹತ್ತಿರದ ಉರುಳಿ ಕಾಂಚನ್‌ನಲ್ಲಿರುವ ಬೈಫ್ ಸಂಸ್ಥೆ ಈ ಕ್ಷೇತ್ರದಲ್ಲಿ ಕೆಲಸ ಮಾಡುತ್ತಿದೆ. ಕೇಂದ್ರದ ರಾಷ್ಟ್ರೀಯ ಗೋಕುಲ ಮಿಷನ್ 2025ರಲ್ಲಿ ಪರಿಷ್ಕರಣೆಯಾದಾಗ, ಇಂಥ ಉತ್ತಮ ಮಣಕಗಳನ್ನು ಕೊಳ್ಳಲು ಸಾಲ ಮಾಡುವ ರೈತರಿಗೆ ಶೇ. 3ರ ಬಡ್ಡಿ ರಿಯಾಯಿತಿ ಸೇರಿತು. ಅಂದರೆ ಕುಲ ಗೊತ್ತಿರುವ ಮಣಕಕ್ಕೆ ಇನ್ನು ಮುಂದೆ ಕೊಳ್ಳುವವರು ಹೆಚ್ಚುತ್ತಾರೆ. ಯಾವ ಆಕಳಿನ ಅಂಡ ತೆಗೆಯಬೇಕೆಂದು ಆರಿಸುವಾಗಲೂ ಮೊದಲು ಕೇಳುವುದು ಹಾಲಿನ ದಾಖಲೆ.

ವಹಿಯಲ್ಲಿ ಏನೇನು ಬರೆಯಬೇಕು?

ಮಕ್ಕಳ ಹಳೆಯ ವಹಿಯೇ ಸಾಕು. ಒಂದು ದನಕ್ಕೆ ಒಂದು ಪುಟ.

1. ಕಿವಿಯೋಲೆಯ 12 ಅಂಕಿಗಳು. ಇದು ದನದ ಆಧಾರ್ ಇದ್ದಂತೆ. ಭಾರತ ಪಶುಧನ್ ಪೋರ್ಟಲ್‌ನಲ್ಲಿ ನಾವು ದಾಖಲಿಸುವುದು ಈ ಸಂಖ್ಯೆಯ ಮೇಲೆಯೇ.
2. ತಾಯಿಯ ಕಿವಿಯೋಲೆ ಸಂಖ್ಯೆ, ತಂದೆ ಹೋರಿಯ ನಂಬರು.
3. ಹುಟ್ಟಿದ ಅಥವಾ ಕೊಂಡ ತಾರೀಖು.
4. ಬೆದೆ ಕಂಡ ತಾರೀಖು ಮತ್ತು ಹೊತ್ತು.
5. ಬೀಜ ಹಾಕಿಸಿದ ತಾರೀಖು, ಆ ಸ್ಟ್ರಾದ ಹೋರಿ ನಂಬರು. ಖಾಲಿ ಸ್ಟ್ರಾ ಕೇಳಿ ನೋಡಿಯೇ ಬರೆದುಕೊಳ್ಳಿ.
6. ಗಬ್ಬ ಪರೀಕ್ಷೆಯ ಫಲ. ಬೀಜ ಹಾಕಿಸಿ ಮೂರು ತಿಂಗಳೊಳಗೆ ತಪ್ಪದೇ ಮಾಡಿಸಿ.
7. ಈದ ತಾರೀಖು. ಆಕಳು ಸುಮಾರು 280 ದಿನ, ಎಮ್ಮೆ ಸುಮಾರು 310 ದಿನ.
8. ತಿಂಗಳಿಗೆ ಒಂದು ದಿನ, ಎರಡೂ ಹೊತ್ತಿನ ಹಾಲು ಅಳೆದು ಲೀಟರ್ ಲೆಕ್ಕ.
9. ಲಸಿಕೆ, ರೋಗ, ಔಷಧ.

ಹೋರಿಯ ನಂಬರು ಬೆಲೆಗೆ ಮಾತ್ರ ಬೇಕಾದುದಲ್ಲ. ಇಂದು ಹುಟ್ಟಿದ ಕರು ಎರಡು ವರ್ಷಕ್ಕೆ ಬೆದೆಗೆ ಬಂದಾಗ, ತಿಳಿಯದೆ ಅದರ ಅಪ್ಪನದೇ ಬೀಜ ಹಾಕಿದರೆ ಹುಟ್ಟುವ ಕರು ಸೊರಗಬಹುದು, ಹಾಲು ಕುಗ್ಗಬಹುದು. ನಂಬರು ಇದ್ದರೆ ಒಂದು ನೋಟಕ್ಕೆ ತಪ್ಪಿಸಬಹುದು. ನಿಮ್ಮ ಮನೆಯಲ್ಲಿ ಪಂಢರಾಪುರಿ ಎಮ್ಮೆ, ಖಿಲಾರಿ ಅಥವಾ ಕೃಷ್ಣಾ ಕಣಿವೆ ದನ ಇದ್ದರೆ ಅದರ ತಳಿಯನ್ನೂ ಬರೆದಿಡಿ. ಅವು ನಮ್ಮ ಸೀಮೆಯ ಆಸ್ತಿ.

ಕೆಲಸದ ದಾರಿಗಳು

ಮೇಲೆ ಹೇಳಿದ ತಾಯಿ ಈಗ ವಹಿ ಇಟ್ಟಿದ್ದಾರೆ. ಬರೆಯುವವಳು ಒಂಬತ್ತನೆಯ ತರಗತಿ ಓದುವ ಮಗಳು. ಮೊನ್ನೆ ಹೋದಾಗ ಆ ಹುಡುಗಿ ಕೇಳಿದಳು: "ಮೇಡಂ, ನಿಮ್ಮಂಗ ಆಗಾಕ ಏನ ಓದಬೇಕ್ರಿ?" ಅವಳಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ.

*ಪಶುಸಖಿ:* ಸಂಜೀವಿನಿ ಸ್ವಸಹಾಯ ಗುಂಪಿನ ಸದಸ್ಯೆಯರಿಗೆ ಈ ಅವಕಾಶವಿದೆ. ಊರಲ್ಲೇ ಇದ್ದು ಲಸಿಕೆ, ಮೇವು, ಪ್ರಥಮ ಚಿಕಿತ್ಸೆಯ ಬಗ್ಗೆ ನೆರವಾಗುವ ಕೆಲಸ. ಪಶುಸಖಿಯರಿಗೆ 16 ದಿನದ ತರಬೇತಿ ಕೊಡುವ ಎ-ಹೆಲ್ಪ್ ಎಂಬ ಯೋಜನೆಯನ್ನು ಕೇಂದ್ರ ಸರ್ಕಾರ 2022ರಲ್ಲಿ ಶುರು ಮಾಡಿದೆ.

*ಮೈತ್ರಿ ಕಾರ್ಯಕರ್ತೆ:* ಕೃತಕ ಗರ್ಭಧಾರಣೆ ಮಾಡುವ ಕೆಲಸ. ಮೂರು ತಿಂಗಳ ತರಬೇತಿ. ಒಂದು ತಿಂಗಳು ಪಾಠ, ಎರಡು ತಿಂಗಳು ಊರೂರು ಅಭ್ಯಾಸ. ಇದು ಗಂಡಸರ ಕೆಲಸ ಎಂದು ಯಾರಾದರೂ ಅಂದರೆ ನನ್ನ ಕಡೆ ಕಳಿಸಿ.

*ಡಿಪ್ಲೊಮಾ:* ಎಸ್ಸೆಸ್ಸೆಲ್ಸಿ ಆದ ಮೇಲೆ ಪಶುಸಂಗೋಪನೆಯಲ್ಲಿ 2 ವರ್ಷದ ಡಿಪ್ಲೊಮಾ ಇದೆ.

*ಪಶುವೈದ್ಯೆ:* ಪಿಯುಸಿಯಲ್ಲಿ ವಿಜ್ಞಾನ, ಅದರಲ್ಲೂ ಜೀವಶಾಸ್ತ್ರ ತೆಗೆದುಕೊಳ್ಳಬೇಕು. ಇಂಟರ್ನ್‌ಶಿಪ್ ಸೇರಿ ಐದೂವರೆ ವರ್ಷದ ಪದವಿ. ಕೃಷಿಕರ ಮಕ್ಕಳಿಗೆ ಬೇರೆ ಸೀಟುಗಳಿವೆ, ಅದಕ್ಕೆ ಪ್ರಾಯೋಗಿಕ ಪರೀಕ್ಷೆ ಇರುತ್ತದೆ. ಕೊಟ್ಟಿಗೆಯಲ್ಲಿ ಬೆಳೆದ ಹುಡುಗಿಗೆ ಅದು ಅನುಕೂಲ. ಬೀದರ ವಿಶ್ವವಿದ್ಯಾಲಯದ ಪಶುವೈದ್ಯಕೀಯ ಕಾಲೇಜು ಈಗ ನಮ್ಮ ಅಥಣಿಗೂ ಬಂದಿದೆ.

*ಪ್ರಯೋಗಾಲಯ:* ಬಯೋಟೆಕ್ನಾಲಜಿ, ಮೈಕ್ರೋಬಯಾಲಜಿ ಓದಿದ ಹೆಣ್ಣುಮಕ್ಕಳಿಗೆ ವೀರ್ಯ ಕೇಂದ್ರ, ಹಾಲು ಪರೀಕ್ಷಾ ಲ್ಯಾಬು, ಲಸಿಕೆ ತಯಾರಿಕೆಯಲ್ಲಿ ಕೆಲಸವಿದೆ. 2022ರಲ್ಲಿ ಚರ್ಮಗಂಟು ರೋಗ ನಮ್ಮ ದನಗಳನ್ನು ಕಾಡಿದ್ದು ಯಾರೂ ಮರೆತಿಲ್ಲ. ಆ ರೋಗಕ್ಕೆ ಲಸಿಕೆ ಮಾಡುವ ಕಂಪನಿ ನಮ್ಮದೇ ರಾಜ್ಯದ ಕೋಲಾರ ಜಿಲ್ಲೆಯ ಮಾಲೂರಿನಲ್ಲಿದೆ. ಸರ್ಕಾರಿ ಲಸಿಕೆ ಸಂಸ್ಥೆ ಬೆಂಗಳೂರಿನ ಹೆಬ್ಬಾಳದಲ್ಲಿದೆ.

ಮನೆಯಿಂದಲೇ ವ್ಯವಹಾರ

ಮೊದಲನೆಯದು, ದಾಖಲೆ ಇರುವ ಗಬ್ಬದ ಮಣಕಗಳ ಮಾರಾಟ. ಎರಡನೆಯದು, ರಸಮೇವು. ಗೋವಿನಜೋಳದ ಕಾಳು ಹಾಲು ಬಿಟ್ಟು ಹಿಟ್ಟಾಗುವ ಹೊತ್ತಿಗೆ ಕೊಯ್ದು, ಸಣ್ಣಗೆ ಕತ್ತರಿಸಿ, ಗಾಳಿ ಇರದಂತೆ ತುಳಿದು ಮುಚ್ಚಿದರೆ ಸುಮಾರು 45 ದಿನಕ್ಕೆ ಸಿದ್ಧ. ಇಲ್ಲೂ ಕೆಲಸ ಮಾಡುವುದು ಮೊಸರಿನಲ್ಲಿರುವಂಥ ಜೀವಾಣುಗಳೇ. ಮುಷ್ಟಿಯಲ್ಲಿ ಹಿಡಿದು ಹಿಂಡಿದರೆ ಉಂಡೆಯಾಗಬೇಕು, ನೀರು ಸೋರಬಾರದು. ಬೇಸಿಗೆಯಲ್ಲಿ ಬರೀ ಕಬ್ಬಿನ ವಾಡೆ ಹಾಕಿದರೆ ಅದರಲ್ಲಿನ ಆಕ್ಸಲೇಟ್ ದನದ ಸುಣ್ಣದಂಶವನ್ನು ಹಿಡಿದಿಡುತ್ತದೆ. ರಸಮೇವು ಜೊತೆಗಿದ್ದರೆ ಅನುಕೂಲ. ಹತ್ತು ಮಂದಿ ಸೇರಿ ಘಟಕ ಮಾಡುವುದಾದರೆ ರಾಷ್ಟ್ರೀಯ ಜಾನುವಾರು ಮಿಷನ್‌ನಲ್ಲಿ ಶೇ. 50 ಸಹಾಯಧನದ ಅವಕಾಶವಿದೆ, ಗರಿಷ್ಠ 50 ಲಕ್ಷ ರೂಪಾಯಿ. ಸ್ವಸಹಾಯ ಗುಂಪುಗಳೂ ಅರ್ಜಿ ಹಾಕಬಹುದು.

ಮೂರನೆಯದು, ಗೋಬರ್ ಗ್ಯಾಸಿನ ಸ್ಲರಿ. ಗುಜರಾತಿನ ಆಣಂದ ಜಿಲ್ಲೆಯ ಮುಜಕುವಾದಲ್ಲಿ ಹೆಣ್ಣುಮಕ್ಕಳು ಗೊಬ್ಬರದ್ದೇ ಸಹಕಾರ ಸಂಘ ಕಟ್ಟಿದ್ದಾರೆ. ಒಲೆಗೆ ಗ್ಯಾಸು ಸಿಗುತ್ತದೆ, ಉಳಿದ ಸ್ಲರಿ ಮಾರಾಟವಾಗುತ್ತದೆ. ಕಬ್ಬು, ದ್ರಾಕ್ಷಿ, ತಂಬಾಕು ಬೆಳೆಯುವ ನಮ್ಮ ಸೀಮೆಯಲ್ಲಿ ಗೊಬ್ಬರಕ್ಕೆ ಗಿರಾಕಿ ಹುಡುಕುವ ಕಷ್ಟವಿಲ್ಲ.

ಪರಿಚಯ ಬೆಳೆಸಿಕೊಳ್ಳಿ

ಅವಕಾಶ ಬರುವುದು ಗೊತ್ತಿದ್ದವರ ಮೂಲಕ. ಡೇರಿಯ ಕೃತಕ ಗರ್ಭಧಾರಣೆ ಕಾರ್ಯಕರ್ತರು, ಒಕ್ಕೂಟದ ವಿಸ್ತರಣಾಧಿಕಾರಿ, ಸಂಜೀವಿನಿ ಒಕ್ಕೂಟದವರು, ಪಶು ಆಸ್ಪತ್ರೆಯ ವೈದ್ಯರು, ತುಕ್ಕಾನಟ್ಟಿಯ ಕೃಷಿ ವಿಜ್ಞಾನ ಕೇಂದ್ರ: ಇವರ ಫೋನ್ ನಂಬರು ನಿಮ್ಮ ಮೊಬೈಲಿನಲ್ಲಿರಲಿ, ಮನೆಯವರ ಮೊಬೈಲಿನಲ್ಲಿ ಅಲ್ಲ. ದನಕ್ಕೆ ತುರ್ತು ಬಂದರೆ 1962ಕ್ಕೆ ಕರೆ ಮಾಡಿ.

ಎಲ್ಲಕ್ಕಿಂತ ಮುಖ್ಯ: ಡೇರಿಯ ಸದಸ್ಯತ್ವ ಯಾರ ಹೆಸರಿನಲ್ಲಿದೆ? ಸೆಗಣಿ ಬಾಚುವವರು, ಹಾಲು ಹಿಂಡುವವರು ನೀವು. ಪಾಸ್‌ಬುಕ್ ಬೇರೆಯವರ ಹೆಸರಿನಲ್ಲಿದ್ದರೆ ತರಬೇತಿಗೆ ಹೆಸರು ಕಳಿಸುವಾಗಲೂ ಅವರದೇ ಹೆಸರು ಹೋಗುತ್ತದೆ. ಮನೆಯಲ್ಲಿ ಸಮಾಧಾನದಿಂದ ಮಾತಾಡಿ, ನಿಮ್ಮ ಹೆಸರಿಗೆ ಸದಸ್ಯತ್ವ ಮಾಡಿಸಿಕೊಳ್ಳಿ.

ಎಚ್ಚರ

"ನೂರಕ್ಕೆ ನೂರು ಹೆಣ್ಣುಗರು" ಎನ್ನುವವರನ್ನು ನಂಬಬೇಡಿ. ನಂಬರು ಇಲ್ಲದ ಸ್ಟ್ರಾ ಬೇಡ. ಕ್ಯಾನಿನ ಬದಲು ಜೇಬಿನಿಂದ, ಥರ್ಮಾಸಿನಿಂದ ಸ್ಟ್ರಾ ತೆಗೆದರೆ ಆ ಬೀಜ ಆಗಲೇ ಸತ್ತಿರುತ್ತದೆ. ಯೋಜನೆಯ ಹೆಸರು ಹೇಳಿ ಮುಂಗಡ ಹಣ ಕೇಳಿದರೆ ಮೊದಲು ಡೇರಿಯಲ್ಲಿ ವಿಚಾರಿಸಿ. ಯೋಜನೆಗಳ ನಿಯಮಗಳು ಕಾಲಕಾಲಕ್ಕೆ ಬದಲಾಗುತ್ತವೆ, ಅರ್ಜಿ ಹಾಕುವ ಮುನ್ನ ಕೇಳಿ ತಿಳಿಯಿರಿ.

ಈ ತಿಂಗಳ ಮನೆಗೆಲಸ

1. ನಿಮ್ಮ ಎಲ್ಲ ದನಗಳ ಕಿವಿಯೋಲೆ ಸಂಖ್ಯೆ ವಹಿಯಲ್ಲಿ ಬರೆಯಿರಿ. ಓಲೆ ಇಲ್ಲದಿದ್ದರೆ ನಮಗೆ ತಿಳಿಸಿ.
2. ಈಗ ಗಬ್ಬವಿರುವ ದನಕ್ಕೆ ಹಾಕಿದ ಹೋರಿಯ ನಂಬರನ್ನು ಬೀಜ ಹಾಕಿದವರಿಂದ ಕೇಳಿ ಬರೆಸಿಕೊಳ್ಳಿ. ನಾವು ಕೊಡಲೇಬೇಕು, ಕೇಳಲು ಸಂಕೋಚ ಬೇಡ.
3. ಡೇರಿಯ ಸದಸ್ಯರ ಪಟ್ಟಿಯಲ್ಲಿ ನಿಮ್ಮ ಹೆಸರು ಇದೆಯೇ ನೋಡಿ.

ಮುಂದಿನ ಸಲ ನಿಮ್ಮ ಊರಿಗೆ ಬಂದಾಗ ನಾನು ಮೊದಲು ಕೇಳುವುದು ಚಹಾ ಅಲ್ಲ, ವಹಿ. ನಾನು ಚೀಟಿ ಬರೆಯದೆ ಹೊರಟರೆ ದಾರಿಗೆ ಅಡ್ಡ ನಿಂತು ಬರೆಸಿಕೊಳ್ಳಿ.

ನಿಮ್ಮ,
ಪಶುವೈದ್ಯಾಧಿಕಾರಿ