ಉದ್ದ ಎಷ್ಟೆಂದು ಕೇಳುವ ಹ್ಯಾಶ್

ಪೈಥಾನ್‌ನಲ್ಲಿ ಶಾ-256 ಹ್ಯಾಶ್ ತೆಗೆಯುವುದು ಎರಡು ಸಾಲಿನ ಕೆಲಸ. ದತ್ತಾಂಶ ಕೊಟ್ಟು ‘ಡೈಜೆಸ್ಟ್’ ಎಂದರೆ 32 ಬೈಟ್ ಕೈಗೆ ಬರುತ್ತದೆ. ಅದೇ ಹ್ಯಾಶ್‌ಲಿಬ್ ಮಾಡ್ಯೂಲಿನಲ್ಲಿರುವ ಶೇಕ್128ನ್ನು ಹಾಗೆಯೇ ಕೇಳಿ ನೋಡಿ, ಉತ್ತರದ ಬದಲು ಟೈಪ್‌ಎರರ್ ಬರುತ್ತದೆ. ಎಷ್ಟು ಉದ್ದ ಬೇಕೆಂದು ನೀವು ಹೇಳಿಲ್ಲ ಎಂಬುದು ಅದರ ತಕರಾರು. ಅದರ ‘ಡೈಜೆಸ್ಟ್ ಸೈಜ್’ ಎಷ್ಟೆಂದು ವಿಚಾರಿಸಿದರೆ ಸೊನ್ನೆ ಎನ್ನುತ್ತದೆ. 2016ರ ಡಿಸೆಂಬರಿನಲ್ಲಿ ಬಿಡುಗಡೆಯಾದ ಪೈಥಾನ್ 3.6ರಿಂದಲೂ ಇದು ಹೀಗೇ.

ಸಿ ಭಾಷೆಯಲ್ಲಿದ್ದ ಒಂದು ಕ್ರಿಪ್ಟೊ ಲೈಬ್ರರಿಗೆ ಶೇಕ್ ಸೇರಿಸುವ ಕೆಲಸ ನನ್ನ ಪಾಲಿಗೆ ಬಂದಾಗ, ಗಣಿತದ ಭಾಗವೇ ಹೆಚ್ಚು ಹೊತ್ತು ತಿನ್ನುತ್ತದೆ ಎಂದು ತಂಡದಲ್ಲಿ ಎಲ್ಲರ ಲೆಕ್ಕಾಚಾರ. ಗಣಿತ ಬೇಗನೆ ದಾರಿ ಬಿಟ್ಟುಕೊಟ್ಟಿತು. ಕೊನೆಯವರೆಗೂ ಜಗ್ಗಾಡಿಸಿದ್ದು ಈ ಉದ್ದದ ಪ್ರಶ್ನೆ.

ಶೇಕ್ ಹುಟ್ಟಿದ್ದು ಒಂದು ಸ್ಪರ್ಧೆಯಿಂದ. 2004-05ರ ಹೊತ್ತಿಗೆ ಎಮ್‌ಡಿ5, ಶಾ-1 ಹ್ಯಾಶ್‌ಗಳ ಮೇಲೆ ಚೀನಾದ ವಾಂಗ್ ಶಿಯಾವ್‌ಯುನ್ ಮತ್ತು ಸಂಗಡಿಗರು ನಡೆಸಿದ ದಾಳಿಗಳು ಇಡೀ ಕ್ಷೇತ್ರವನ್ನು ಅಲುಗಾಡಿಸಿದವು. ಅಮೆರಿಕದ ಮಾನಕ ಸಂಸ್ಥೆ ನಿಸ್ಟ್ 2007ರಲ್ಲಿ ಹೊಸ ಹ್ಯಾಶ್‌ಗಾಗಿ ಬಹಿರಂಗ ಸ್ಪರ್ಧೆ ಸಾರಿತು. 64 ಪ್ರವೇಶಗಳು ಬಂದವು, 51 ಮೊದಲ ಸುತ್ತಿಗೆ ಏರಿದವು, ಐದು ಕೊನೆಯ ಸುತ್ತಿನಲ್ಲಿ ಉಳಿದವು. 2012ರ ಅಕ್ಟೋಬರ್ 2ರಂದು ಗೆದ್ದದ್ದು ಕೆಚಾಕ್. ಅದನ್ನು ಕಟ್ಟಿದ ನಾಲ್ವರಲ್ಲಿ ಒಬ್ಬರು, ಎಇಎಸ್‌ ಗೂಢಲಿಪಿಯ ಸಹಕರ್ತೃವೂ ಆದ ಬೆಲ್ಜಿಯಮ್ಮಿನ ಯೋನ್ ಡಾಮೆನ್. 2015ರ ಆಗಸ್ಟಿನಲ್ಲಿ ಪ್ರಕಟವಾದ ಫಿಪ್ಸ್ 202 ಎಂಬ ಮಾನಕದಲ್ಲಿ ನಿಗದಿತ ಉದ್ದದ ನಾಲ್ಕು ಶಾ-3 ಹ್ಯಾಶ್‌ಗಳಿವೆ. ಜೊತೆಗೆ, ಬೇಕಾದಷ್ಟು ಉದ್ದಕ್ಕೆ ಉತ್ತರ ಕೊಡುವ ಎರಡು ಫಂಕ್ಷನ್‌ಗಳು: ಶೇಕ್128 ಮತ್ತು ಶೇಕ್256.

ಕೆಚಾಕ್‌ನ ಒಳಗಿನ ರಚನೆಗೆ ಅದರ ಕರ್ತೃಗಳೇ ಸ್ಪಂಜು ಎಂದು ಹೆಸರಿಟ್ಟಿದ್ದಾರೆ. 1600 ಬಿಟ್‌ಗಳ, ಅಂದರೆ 200 ಬೈಟ್‌ಗಳ ಒಂದು ಸ್ಥಿತಿ ಇರುತ್ತದೆ. ಶೇಕ್128ರಲ್ಲಿ ಅದರ 168 ಬೈಟ್ ಹೊರಜಗತ್ತಿಗೆ ತೆರೆದ ಭಾಗ, ಉಳಿದ 32 ಬೈಟ್ ಯಾರಿಗೂ ಕಾಣದ ಒಳಮನೆ. ಶೇಕ್256ರಲ್ಲಿ ತೆರೆದದ್ದು 136. ಸಂದೇಶವನ್ನು 168 ಬೈಟ್‌ಗಳ ತುಂಡು ಮಾಡಿ ಒಂದೊಂದಾಗಿ ಹೀರಿಸಬೇಕು, ಪ್ರತಿ ತುಂಡಿನ ನಂತರ 24 ಸುತ್ತು ಕಲಕಬೇಕು. ಹೀರುವುದು ಮುಗಿದ ಮೇಲೆ ಹಿಂಡಲು ಶುರು: 168 ಬೈಟ್ ತೆಗೆ, ಕಲಕು, ಮತ್ತೆ 168 ತೆಗೆ. ಶಾವಿಗೆ ಒರಳಿನಲ್ಲಿ ಮೊಳ ಉದ್ದ ಒತ್ತಿದರೂ ಮಾರುದ್ದ ಒತ್ತಿದರೂ ಮೊದಲ ಮೊಳ ಒಂದೇ ಆಗಿರುವಂತೆ, ಇಲ್ಲೂ 16 ಬೈಟ್ ಕೇಳಿದವನಿಗೆ ಸಿಗುವುದು 32 ಕೇಳಿದವನ ಮೊದಲರ್ಧವೇ. ಈ ಗುಣ ಆಮೇಲೆ ಕಾಟ ಕೊಡುತ್ತದೆ.

ಕಲಕುವ ಭಾಗ ಬರೆಯುವುದು ಹಿತವಾದ ಕೆಲಸ. 64 ಬಿಟ್‌ಗಳ 25 ಪದಗಳು, ಐದು ಹೆಜ್ಜೆಗಳು, ಒಂದಿಷ್ಟು ಎಕ್ಸಾರ್, ಒಂದಿಷ್ಟು ಸುತ್ತುಪಲ್ಲಟ. ಎಲ್ಲಾದರೂ ತಪ್ಪಿದರೆ ಉತ್ತರ ಪೂರ್ತಿ ಅಡ್ಡಾದಿಡ್ಡಿಯಾಗುವುದರಿಂದ ಮೊದಲ ಪರೀಕ್ಷೆಯಲ್ಲೇ ಸಿಕ್ಕಿಬೀಳುತ್ತದೆ. ಖಾಲಿ ಸಂದೇಶಕ್ಕೆ ಶೇಕ್128ರ ಉತ್ತರ ಹೆಕ್ಸಾಡೆಸಿಮಲ್‌ನಲ್ಲಿ 7ಎಫ್9ಸಿ ಎಂದು, ಶೇಕ್256ರದ್ದು 46ಬಿ9 ಎಂದು ಶುರುವಾಗಬೇಕು. ಈ ಕೆಲಸ ಮಾಡಿದವರಿಗೆ ಅವು ಬಾಯಿಪಾಠವಾಗಿರುತ್ತವೆ.

ತಂಟೆ ಶುರುವಾಗುವುದು ಸಂದೇಶದ ಬಾಲದಲ್ಲಿ. ಕೊನೆಯ ತುಂಡಿಗೆ ಒಂದು ಗುರುತಿನ ಬೈಟ್ ಹಚ್ಚಿ, ತುಂಡಿನ ತುದಿಯ ಬೈಟಿನಲ್ಲಿ ಹೆಕ್ಸಾಡೆಸಿಮಲ್ 80 ಇಡಬೇಕು. ಗುರುತಿನ ಬೈಟ್ ಶಾ-3ಕ್ಕೆ 06, ಶೇಕ್‌ಗೆ 1ಎಫ್. ಸ್ಪರ್ಧೆಗೆ ಬಂದ ಮೂಲ ಕೆಚಾಕ್‌ನಲ್ಲಿ ಅದು ಬರೀ 01. ಇಥೀರಿಯಮ್ ಇವತ್ತಿಗೂ ಬಳಸುವುದು ಆ ಹಳೆಯ 01 ರೂಪವನ್ನೇ. ಹಾಗಾಗಿ ಖಾಲಿ ಸಂದೇಶಕ್ಕೆ ಕೆಚಾಕ್-256 ಸಿ5ಡಿ2 ಎಂದು ಶುರುಮಾಡಿದರೆ ಶಾ3-256 ಎ7ಎಫ್‌ಎಫ್ ಎನ್ನುತ್ತದೆ. ನಡುವಿನ 24 ಸುತ್ತುಗಳು ಅಕ್ಷರಶಃ ಒಂದೇ. ಬ್ಲಾಕ್‌ಚೈನ್ ಕಡೆಯಿಂದ ಬಂದ ಪ್ರೋಗ್ರಾಮರುಗಳು ‘ನಿಮ್ಮ ಶಾ-3 ತಪ್ಪು’ ಎಂದು ದೂರು ಬರೆಯುವುದಕ್ಕೆ ಈ ಒಂದು ಬೈಟ್ ಸಾಕು.

ಶೇಕ್128ರಲ್ಲಿ 167 ಬೈಟಿನ ಸಂದೇಶ ಬಂದರೆ ಉಳಿಯುವುದು ಒಂದೇ ಬೈಟ್ ಜಾಗ. ಗುರುತೂ ತುದಿಯ 80 ಕೂಡ ಅದರಲ್ಲೇ ಕೂರಬೇಕು, 9ಎಫ್ ಆಗಬೇಕು. 168 ಬೈಟ್ ಬಂದರೆ ಬಾಲಕ್ಕೆಂದೇ ಹೊಸದೊಂದು ತುಂಡು ಬೇಕು. ‘ಎಬಿಸಿ’ಯಂಥ ಸಣ್ಣ ಉದಾಹರಣೆಗಳು ಇವೆರಡನ್ನೂ ಮುಟ್ಟುವುದಿಲ್ಲ. ಆದ್ದರಿಂದ ಸೊನ್ನೆಯಿಂದ ಹಿಡಿದು ಎರಡು ತುಂಡು ದಾಟುವವರೆಗಿನ ಪ್ರತಿ ಉದ್ದವನ್ನೂ ಓಡಿಸಿ ಬೇರೊಂದು ಲೈಬ್ರರಿಯ ಉತ್ತರಕ್ಕೆ ಹೋಲಿಸುವ ಪರೀಕ್ಷೆಯನ್ನೇ ನಾವು ಮೊದಲು ಬರೆದೆವು. ಅಗ್ಗದ ಪರೀಕ್ಷೆ, ಕಣ್ಣುಮುಚ್ಚಿ ತೆರೆಯುವುದರೊಳಗೆ ಮುಗಿಯುತ್ತದೆ.

ಇಷ್ಟಾದ ಮೇಲೆ ಅಸಲು ಜಗಳ. ನಮ್ಮ ಲೈಬ್ರರಿಯಲ್ಲಿ, ಬಹುತೇಕ ಎಲ್ಲ ಕಡೆ ಇರುವಂತೆ, ಹ್ಯಾಶ್‌ಗಳದ್ದೊಂದು ಪಟ್ಟಿಯಿತ್ತು. ಅದರಲ್ಲಿ ‘ಉತ್ತರದ ಉದ್ದ’ ಎಂಬ ಕಾಲಮ್ಮು. ಎಚ್‌ಮ್ಯಾಕ್, ಸಹಿ, ಕೀಲಿ ತಯಾರಿ, ಎಲ್ಲವೂ ಆ ಕಾಲಮ್ ನೋಡಿಯೇ ಬಫರ್ ಕಾದಿರಿಸುತ್ತಿದ್ದವು. ಶೇಕ್ ಎದುರಿಗೆ ಏನು ಬರೆಯುವುದು?

“ಏನಾದ್ರೂ ಒಂದು ಡೀಫಾಲ್ಟ್ ಹಾಕಿಬಿಡೋಣ, ಹಳೇ ಕೋಡ್ ಒಡೀಬಾರದಲ್ಲ” ಎಂದರು ಹಿರಿಯ ಸಹೋದ್ಯೋಗಿ.

“ಒಡೀಲಿ ಬಿಡಿ ಸರ್. ಈಗಲೇ ಸದ್ದು ಮಾಡಿಕೊಂಡು ಒಡೆದರೆ ಒಳ್ಳೇದು” ಎಂದೆ.

ನನ್ನ ಹಟಕ್ಕೆ ಆಧಾರವಿತ್ತು, ಅದು ವ್ಯಾಪಕ ಬಳಕೆಯ ಕ್ರಿಪ್ಟೊ ಲೈಬ್ರರಿ ಓಪನ್‌ಎಸ್‌ಎಸ್‌ಎಲ್ ನಡೆದು ಬಂದ ದಾರಿ. 2018ರ ಸೆಪ್ಟೆಂಬರಿನ 1.1.1 ಆವೃತ್ತಿಯಲ್ಲಿ ಅದಕ್ಕೆ ಶೇಕ್ ಬಂತು. ಉದ್ದ ಹೇಳದೆ ಹಳೆಯ ರೀತಿಯಲ್ಲಿ ಮುಗಿಸಿದರೆ ಶೇಕ್128 16 ಬೈಟ್ ಕೊಡುತ್ತಿತ್ತು, ಶೇಕ್256 32 ಬೈಟ್. ಕೇಳುವುದಕ್ಕೆ ಸಹಜವಾಗಿಯೇ ಇದೆ. ಆದರೆ 16 ಬೈಟ್ ಅಂದರೆ 128 ಬಿಟ್. ಒಂದೇ ಹ್ಯಾಶ್ ಕೊಡುವ ಎರಡು ಸಂದೇಶ ಹುಡುಕಲು ಉತ್ತರದ ಬಿಟ್‌ಗಳ ಅರ್ಧದಷ್ಟು ಘಾತದ ಶ್ರಮ ಸಾಕು. ಹಾಗಾಗಿ 128 ಬಿಟ್ ಬಲದ್ದೆಂದು ಹೆಸರಾದ ಫಂಕ್ಷನ್, ಡಿಕ್ಕಿಯ ವಿಷಯದಲ್ಲಿ 64 ಬಿಟ್ ಬಲಕ್ಕೆ ಇಳಿಯುತ್ತದೆ. ಪೂರ್ತಿ ಬಲ ಬೇಕಾದವರು ಕನಿಷ್ಠ 32 ಬೈಟ್ ಕೇಳಬೇಕಿತ್ತು. 2024ರ ಅಕ್ಟೋಬರಿನ 3.4 ಆವೃತ್ತಿಯಲ್ಲಿ ಓಪನ್‌ಎಸ್‌ಎಸ್‌ಎಲ್ ಆ ಡೀಫಾಲ್ಟನ್ನೇ ಕಿತ್ತುಹಾಕಿತು. ಉದ್ದ ಹೇಳದಿದ್ದರೆ ಈಗ ಕರೆಯೇ ವಿಫಲ. ಆರು ವರ್ಷ ಹಿಡಿಯಿತು; ಒಮ್ಮೆ ಜನರ ಕೈಗೆ ಕೊಟ್ಟ ಡೀಫಾಲ್ಟನ್ನು ಹಿಂದಕ್ಕೆ ಪಡೆಯುವುದು ಅಷ್ಟು ಕಷ್ಟ.

ಕೊನೆಗೆ ನಾವು ಶೇಕ್ ಅನ್ನು ಆ ಪಟ್ಟಿಗೆ ಸೇರಿಸಲೇ ಇಲ್ಲ, ಬೇರೆಯದೇ ಟೈಪ್ ಮಾಡಿದೆವು. ರಸ್ಟ್ ಭಾಷೆಯ ‘ಡೈಜೆಸ್ಟ್’ ಲೈಬ್ರರಿಯೂ ನಿಗದಿತ ಉದ್ದದವಕ್ಕೆ ಒಂದು ಟ್ರೇಟ್, ಚಾಚಬಹುದಾದವಕ್ಕೆ ಇನ್ನೊಂದು ಎಂದು ಬೇರ್ಪಡಿಸಿದೆ. ಎಚ್‌ಮ್ಯಾಕ್‌ಗೆ ಶೇಕ್ ತುರುಕಲು ಹೋದವರಿಗೆ ಕಂಪೈಲರೇ ಅಡ್ಡ ನಿಲ್ಲುತ್ತದೆ.

ಹಿಂಡುವುದನ್ನು ಒಂದೇ ಸಲಕ್ಕೆ ಮುಗಿಸಬೇಕೋ, ಕಂತುಗಳಲ್ಲಿ ಬಿಡಬೇಕೋ ಎಂಬುದು ಮುಂದಿನ ಪ್ರಶ್ನೆ. ಪೈಥಾನ್ ಒಂದೇ ಸಲ ಎನ್ನುವ ಪಂಥ: ಡೈಜೆಸ್ಟ್‌ಗೆ 32 ಎಂದು ಎರಡು ಬಾರಿ ಕೇಳಿದರೆ ಎರಡು ಬಾರಿಯೂ ಅದೇ ಮೊದಲ 32 ಬೈಟ್. ಮುಂದಿನ 32 ಬಂತೆಂದು ಭಾವಿಸಿದವನ ಬಳಿ ಒಂದೇ ಕೀಲಿಯ ಎರಡು ಪ್ರತಿಗಳಿರುತ್ತವೆ. ಗೋ ಭಾಷೆಯಲ್ಲಿ ಶೇಕ್ ಒಂದು ರೀಡರ್, ಓದಿದಷ್ಟೂ ಮುಂದಕ್ಕೆ ಹರಿಯುತ್ತದೆ. ಓದಲು ಶುರುಮಾಡಿದ ಮೇಲೆ ಮತ್ತೆ ದತ್ತಾಂಶ ಬರೆಯಲು ಹೋದರೆ ಪ್ರೋಗ್ರಾಮ್ ಪ್ಯಾನಿಕ್ ಆಗಿ ನಿಲ್ಲುತ್ತದೆ. ಒರಟು ನಡೆ ಅನ್ನಿಸಬಹುದು, ನನಗದು ಮೆಚ್ಚುಗೆ. ಹಿಂಡುತ್ತಿರುವ ಸ್ಪಂಜಿಗೆ ಮತ್ತೆ ನೀರು ಸುರಿದರೆ ಏನಾಗಬೇಕೆಂದು ಫಿಪ್ಸ್ 202 ಹೇಳುವುದಿಲ್ಲ. ಮಾನಕ ಹೇಳದ್ದನ್ನು ಲೈಬ್ರರಿ ಸುಮ್ಮನೆ ಮಾಡಿಬಿಡಬಾರದು. ಓಪನ್‌ಎಸ್‌ಎಸ್‌ಎಲ್ ಮೊದಲು ಒಂದೇ ಸಲದ ಪಂಥದಲ್ಲಿದ್ದು, 2024ರ ಏಪ್ರಿಲಿನ 3.3ರಲ್ಲಿ ಕಂತಿನ ಹಿಂಡುವಿಕೆಗೆ ಹೊಸ ಕರೆ ಸೇರಿಸಿತು.

ಕಂತು ಯಾಕೆ ಬೇಕು ಎಂಬುದಕ್ಕೆ ಕ್ವಾಂಟಮ್ ಕಂಪ್ಯೂಟರುಗಳನ್ನು ತಾಳಿಕೊಳ್ಳಲೆಂದು ರೂಪಿಸಿದ ಕೀಲಿ ಹಂಚಿಕೆಯ ವಿಧಾನ ಎಮ್‌ಎಲ್-ಕೆಮ್ ಒಳ್ಳೆಯ ಸಾಕ್ಷಿ. ಇದು 2024ರ ಆಗಸ್ಟ್ 13ರಂದು ಫಿಪ್ಸ್ 203 ಆಗಿ ಮಾನಕವಾಯಿತು. ಅದರಲ್ಲಿ ಒಂದು ಮ್ಯಾಟ್ರಿಕ್ಸ್ ಪೂರ್ತಿಯಾಗಿ, ಬೀಜವೊಂದನ್ನು ಹೀರಿಸಿದ ಶೇಕ್128ರಿಂದ ಹುಟ್ಟಬೇಕು. ಮೂರು ಬೈಟಿಗೆ ಎರಡರಂತೆ 12 ಬಿಟ್‌ಗಳ ಸಂಖ್ಯೆ ತೆಗೆದು, 3329ಕ್ಕಿಂತ ಕಡಿಮೆಯಿದ್ದರೆ ಇಟ್ಟುಕೊಳ್ಳಬೇಕು, ಇಲ್ಲದಿದ್ದರೆ ಎಸೆಯಬೇಕು. ಒಂದು ಬಹುಪದಿಗೆ ಇಂಥ 256 ಸಂಖ್ಯೆ ಬೇಕು. ಮೂರು ತುಂಡು ಹಿಂಡಿದರೆ 504 ಬೈಟ್, ಅಂದರೆ 336 ಉಮೇದುವಾರರು. ಸರಾಸರಿ 273 ಪಾಸಾಗುತ್ತಾರೆ. ಸಾಕೇಸಾಕು ಅನ್ನಿಸುತ್ತದೆ. ಆದರೂ ನೂರಕ್ಕೆ ಒಂದಕ್ಕೂ ಕಡಿಮೆ ಸಲ 256 ತುಂಬದೆ ನಾಲ್ಕನೇ ತುಂಡು ಬೇಕಾಗುತ್ತದೆ. ಎಮ್‌ಎಲ್-ಕೆಮ್-768ರಲ್ಲಿ ಇಂಥ ಒಂಬತ್ತು ಬಹುಪದಿಗಳಿರುವುದರಿಂದ ನೂರು ಕೀಲಿಗಳಲ್ಲಿ ಆರೇಳಕ್ಕೆ ಆ ಗತಿ. ಡೆಸ್ಕಿನ ಮೇಲೆ ಒಂದೆರಡು ಕೀಲಿ ಮಾಡಿ ನೋಡಿದವರ ಕಣ್ಣಿಗೆ ಅದು ಬೀಳದೆ ಹೋಗಬಹುದು, ಬಳಕೆದಾರರ ಬಳಿ ಮಾತ್ರ ಬಿದ್ದೇ ಬೀಳುತ್ತದೆ. ನಾಲ್ಕನೇ ತುಂಡು ಬೇಡುವ ಬೀಜಗಳನ್ನು ಹುಡುಕಿಟ್ಟುಕೊಂಡು ಪರೀಕ್ಷೆಗೆ ಸೇರಿಸುವುದು ಒಳ್ಳೆಯದು. ಇದರ ಜೊತೆಗೆ ಒಂದು ಬೈಟ್, 167 ಬೈಟ್, ಮತ್ತೊಂದು ಬೈಟ್ ಹೀಗೆ ಬೇಕಾಬಿಟ್ಟಿ ಕಂತುಗಳಲ್ಲಿ ಹಿಂಡಿದ್ದು, ಒಂದೇ ಸಲ ಹಿಂಡಿದ್ದಕ್ಕೆ ಸರಿಹೊಂದಬೇಕು.

ಇಷ್ಟೆಲ್ಲ ಪರೀಕ್ಷೆ ಪಾಸಾದರೂ ನಿಶ್ಚಿಂತೆಯಿಲ್ಲ ಎಂದು ತೋರಿಸಿಕೊಟ್ಟದ್ದು ಕೆಚಾಕ್ ತಂಡದವರದೇ ಕೋಡ್. 2022ರ ಅಕ್ಟೋಬರಿನಲ್ಲಿ ಸಂಶೋಧಕ ನಿಕಿ ಮೌಹಾ ಅದರಲ್ಲೊಂದು ಬಿರುಕು ಪ್ರಕಟಿಸಿದರು. ಭದ್ರತಾ ದೋಷಗಳ ಸಾರ್ವಜನಿಕ ಪಟ್ಟಿಯಲ್ಲಿ ಅದಕ್ಕೆ ಸಿಕ್ಕ ಸಂಖ್ಯೆ ಸಿವಿಇ-2022-37454. 2011ರ ಜನವರಿಯಿಂದ ಅದು ಅಲ್ಲೇ ಇತ್ತು. ಪೈಥಾನ್, ಪಿಎಚ್‌ಪಿಗಳು ಆ ಕೋಡನ್ನು ಹಾಗೇ ತಂದು ಕೂರಿಸಿಕೊಂಡಿದ್ದವು. ಬಿರುಕು ಎಷ್ಟು ಸಾದಾ ಎಂದರೆ ನಗು ಬರುತ್ತದೆ. ತುಂಡಿನಲ್ಲಿ ಈಗಾಗಲೇ ಇರುವ ಬೈಟ್‌ಗಳಿಗೆ ಹೊಸದಾಗಿ ಬಂದವನ್ನು ಕೂಡಿಸಿ, ಮೊತ್ತ ತುಂಡಿನ ಅಳತೆ ಮೀರುತ್ತದೆಯೇ ಎಂದು ನೋಡುವ ಒಂದು ಸಾಲು. ಕೂಡಿಕೆ ನಡೆಯುವುದು 32 ಬಿಟ್‌ನಲ್ಲಿ. ಮೊದಲು ಒಂದು ಬೈಟ್ ಕೊಟ್ಟು, ಆಮೇಲೆ 429,49,67,295 ಬೈಟ್ ಒಟ್ಟಿಗೆ ಸುರಿದರೆ ಮೊತ್ತ ಸುತ್ತಿಕೊಂಡು ಸೊನ್ನೆಯಾಗುತ್ತದೆ. ‘ಮೀರಿಲ್ಲ’ ಎಂದು ನಂಬಿದ ಕೋಡ್ ನಾಲ್ಕು ಜಿಬಿಯನ್ನು 200 ಬೈಟಿನ ಸ್ಥಿತಿಯೊಳಗೆ ಬೆರೆಸಲು ಹೊರಟು ಪಕ್ಕದ ಮೆಮೊರಿಯನ್ನೆಲ್ಲ ಕೆಡಿಸುತ್ತದೆ. ಇನ್ನೂ ಒಂದು ಬೈಟ್ ಹೆಚ್ಚು ಕೊಟ್ಟರೆ ಕೊನೆಯಿಲ್ಲದ ಲೂಪ್.

ಇಂಥದ್ದು ಮೊದಲ ಸಲವೂ ಅಲ್ಲ. ಆಪಲ್‌ನ ಕೋರ್‌ಕ್ರಿಪ್ಟೊ ಲೈಬ್ರರಿಯೂ ನಾಲ್ಕು ಜಿಬಿ ದಾಟಿದ ದತ್ತಾಂಶಕ್ಕೆ ಕೊನೆಯಿಲ್ಲದೆ ಸುತ್ತುತ್ತಿದ್ದುದು 2019ರ ಒಂದು ಸಿವಿಇಯಲ್ಲಿ ದಾಖಲಾಗಿದೆ. ಪೈಥಾನ್ 3.11ರಲ್ಲಿ ಕೆಚಾಕ್ ತಂಡದ ಆ ಕೋಡನ್ನು ಬಿಟ್ಟು ಚಿಕ್ಕದಾದ ಬೇರೊಂದಕ್ಕೆ, 3.12ರಲ್ಲಿ ಗಣಿತದ ಮೂಲಕ ಸರಿಯೆಂದು ಸಾಧಿಸಿದ ಎಚ್‌ಎಸಿಎಲ್ ಸ್ಟಾರ್ ಕೋಡಿಗೆ ಬದಲಾಯಿತು.

ಆ ಸುದ್ದಿ ಓದಿದ ಮೇಲೆ ನಮ್ಮಲ್ಲಿ ಒಂದು ಕಟ್ಟುಪಾಡು ಬಂತು. ಕೂಡಿಸಿ ಹೋಲಿಸಬೇಡಿ, ತುಂಡಿನಲ್ಲಿ ಉಳಿದ ಜಾಗ ಎಷ್ಟೆಂದು ಕಳೆದು, ಅದಕ್ಕೆ ಹೋಲಿಸಿ. ಕಳೆದದ್ದು ಎಂದೂ 168 ದಾಟುವುದಿಲ್ಲ, ಸುತ್ತಿಕೊಳ್ಳುವ ಪ್ರಶ್ನೆಯೇ ಇಲ್ಲ. ನಾಲ್ಕು ಜಿಬಿಯ ಪರೀಕ್ಷೆಯನ್ನು ಪ್ರತಿ ಬದಲಾವಣೆಗೂ ಓಡಿಸಲಾಗದು. ಬಿಡುಗಡೆಗೆ ಮುಂಚೆ ದೊಡ್ಡ ಮೆಮೊರಿಯ ಯಂತ್ರದಲ್ಲಿ ಓಡಿಸುತ್ತೇವೆ.

ಮೊದಲು ಹೇಳಿದ ಶಾವಿಗೆಯ ಗುಣಕ್ಕೆ ಬರೋಣ. ಒಂದೇ ಗುಟ್ಟಿನಿಂದ ಒಂದು ಕೆಲಸಕ್ಕೆ 16 ಬೈಟಿನ ಕೀಲಿ, ಇನ್ನೊಂದಕ್ಕೆ 32 ಬೈಟಿನದು ತೆಗೆದರೆ, ಎರಡೂ ಬೇರೆ ಬೇರೆ ಎಂದು ಬಳಸುವವರು ಸಹಜವಾಗಿ ಅಂದುಕೊಳ್ಳುತ್ತಾರೆ. ಚಿಕ್ಕದು ದೊಡ್ಡದರ ತಲೆಯೇ. ಚಿಕ್ಕದು ಸೋರಿದರೆ ದೊಡ್ಡದರ ಅರ್ಧವೂ ಸೋರಿದ ಹಾಗೆ. 2016ರ ಡಿಸೆಂಬರಿನಲ್ಲಿ ನಿಸ್ಟ್ ಪ್ರಕಟಿಸಿದ 800-185 ಎಂಬ ದಸ್ತಾವೇಜಿನಲ್ಲಿ ಇದಕ್ಕೆ ಮದ್ದಿದೆ. ಅದರಲ್ಲಿರುವ ಶೇಕ್‌ನ ರೂಪಾಂತರ ಸಿಶೇಕ್‌ಗೆ ಬಳಕೆಯ ಹೆಸರನ್ನೂ ಉಣಿಸಬಹುದು. ಕೀಲಿಯೊಂದಿಗೆ ಬಳಸುವ ಕೆಮ್ಯಾಕ್ ಅಂತೂ ಕೇಳಿದ ಉದ್ದವನ್ನೇ ಸಂದೇಶದ ಜೊತೆ ಹೀರಿಕೊಳ್ಳುವುದರಿಂದ ಉದ್ದ ಬದಲಾದರೆ ಉತ್ತರ ಪೂರ್ತಿ ಬದಲು. ಆದರೆ ಕೆಮ್ಯಾಕ್‌ಗೂ ಒಂದು ಚಾಚುವ ರೂಪವಿದೆ. ಅದರಲ್ಲಿ ಉದ್ದದ ಜಾಗಕ್ಕೆ ಸೊನ್ನೆ ಕೂರುತ್ತದೆ, ಹಳೆಯ ಗುಣ ಮರಳುತ್ತದೆ. ಎರಡರ ಹೆಸರೂ ಬಹುತೇಕ ಒಂದೇ ಆಗಿರುವುದರಿಂದ, ದಸ್ತಾವೇಜಿನಲ್ಲಿ ಈ ವ್ಯತ್ಯಾಸವನ್ನು ಮೊದಲ ಪ್ಯಾರಾದಲ್ಲೇ ಬರೆದೆವು. ಕೆಳಗೆ ಟಿಪ್ಪಣಿಯಲ್ಲಿಟ್ಟರೆ ಯಾರೂ ಓದುವುದಿಲ್ಲ.

ಇನ್ನೊಂದು ವಿಷಯ, ಸಾಮಾನ್ಯವಾಗಿ ಮರೆತುಹೋಗುವಂಥದ್ದು. ಕೆಚಾಕ್‌ನ 24 ಸುತ್ತುಗಳನ್ನು ಹಿಂದಕ್ಕೂ ತಿರುಗಿಸಬಹುದು. ಹೊರಬಂದ ಬೈಟ್‌ಗಳಿಂದ ಯಾರೂ ಹಿಂದಕ್ಕೆ ಹೋಗಲಾರರು, ಒಳಮನೆಯ ಭಾಗ ಅವರಿಗೆ ಗೊತ್ತಿಲ್ಲ. ಆದರೆ 200 ಬೈಟಿನ ಸ್ಥಿತಿ ಪೂರ್ತಿಯಾಗಿ ಮೆಮೊರಿಯಲ್ಲಿ ಸಿಕ್ಕಿಬಿಟ್ಟರೆ, ಒಂದೇ ತುಂಡಿನಲ್ಲಿ ಹೀರಿದ ಗುಟ್ಟನ್ನು ಹಿಂದಿರುಗಿ ತೆಗೆಯಬಹುದು. ಹಾಗಾಗಿ ಹಿಂಡಿ ಮುಗಿದ ಕೂಡಲೇ ಸ್ಥಿತಿಯನ್ನು ಒರೆಸಬೇಕು. ಬರೀ ಮೆಮ್‌ಸೆಟ್ ಬರೆದರೆ, ಇನ್ನು ಯಾರೂ ಓದದ ಮೆಮೊರಿಗೆ ಇದೇಕೆ ಎಂದು ಕಂಪೈಲರ್ ಅದನ್ನು ಕಿತ್ತುಹಾಕಬಹುದು; ಕೀಳಬಾರದೆಂದು ಖಾತ್ರಿಯಿರುವ ಒರೆಸುವ ಕರೆಯನ್ನೇ ಬಳಸಬೇಕು.

ಸದ್ಯ ನಮ್ಮ ಮೇಜಿನ ಮೇಲಿರುವುದು ಟರ್ಬೊಶೇಕ್. ಅದೇ ಕೆಚಾಕ್, ಆದರೆ 24ರ ಬದಲು 12 ಸುತ್ತು. ಅದರಲ್ಲಿ ಗುರುತಿನ ಬೈಟನ್ನು 01ರಿಂದ 7ಎಫ್‌ವರೆಗೆ ಬಳಸುವವರೇ ಆರಿಸಿಕೊಳ್ಳಬಹುದು. ಆ ಆಯ್ಕೆಯನ್ನು ಎಲ್ಲರ ಕೈಗೂ ಕೊಡಬೇಕೇ, ಲೈಬ್ರರಿಯೊಳಗೆ ಮುಚ್ಚಿಡಬೇಕೇ ಎಂದು ವಾದ ನಡೆಯುತ್ತಿದೆ. ಹಿರಿಯ ಸಹೋದ್ಯೋಗಿ ಈ ಸಲವೂ ಡೀಫಾಲ್ಟ್ ಪರ. 1ಎಫ್ ಇರಲಿ ಎನ್ನುತ್ತಾರೆ. ಇದೊಂದರಲ್ಲಿ ನಾನೂ ಅವರ ಕಡೆಗೇ ವಾಲುತ್ತಿದ್ದೇನೆ.