ಟೈರು ಒಂದೇ ಕಡೆ ಯಾಕೆ ಸವೆಯುತ್ತದೆ?

ಕಾರು ಕೊಂಡು ಎರಡು ಮೂರು ವರ್ಷಕ್ಕೆ ಹಲವರಿಗೆ ಎದುರಾಗುವ ತೊಂದರೆ ಇದು. ಮುಂದಿನ ಟೈರಿನ ಹೊರಗಡೆ ಬಟನ್, ಅಂದರೆ ರಬ್ಬರಿನ ಉಬ್ಬು, ಚೆನ್ನಾಗಿಯೇ ಇರುತ್ತದೆ. ಒಳಗಡೆ ಬಗ್ಗಿ ನೋಡಿದರೆ ಅಂಚು ಬೋಳಾಗಿರುತ್ತದೆ. ಅಂಗಡಿಯವರು ಟೈರು ಬದಲಿಸಲು ಹೇಳುತ್ತಾರೆ, ಮನೆಯವರು ಬದಲಿಸುತ್ತಾರೆ. ಸವೆಸಿದ ಕಾರಣ ಮಾತ್ರ ಕಾರಿನಲ್ಲೇ ಉಳಿದಿರುವುದರಿಂದ ಹೊಸ ಟೈರೂ ಅದೇ ಕಡೆ ಸವೆಯತೊಡಗುತ್ತದೆ. ಗುಂಜಿ, ಲೋಂಡಾ, ಜಾಂಬೋಟಿ ಕಡೆಯಿಂದ ದಿನವೂ ಖಾನಾಪುರ, ಬೆಳಗಾವಿಗೆ ಓಡಾಡುವ, ಹೊಸದಾಗಿ ಕಾರು ಹಿಡಿದವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಹಣ ಬಿಚ್ಚುವ ಮೊದಲು ಸವೆತದ ಗುರುತು ನೋಡಿ ಕಾರಣ ಹುಡುಕಬೇಕು. ಅದನ್ನು ಯಾರು ಬೇಕಾದರೂ ಕಲಿಯಬಹುದು.

ಮೊದಲು ನೋಡುವ ಕ್ರಮ. ಸಮತಟ್ಟು ಜಾಗದಲ್ಲಿ ಕಾರು ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಸ್ಟೀರಿಂಗನ್ನು ಪೂರ್ತಿ ಒಂದು ಕಡೆಗೆ ತಿರುಗಿಸಿ ಇಂಜಿನ್ ನಿಲ್ಲಿಸಿ. ಈಗ ಮುಂದಿನ ಗಾಲಿಗಳ ಮೈ ಹೊರಗೆ ಬಂದು, ನಿಂತಾಗ ಕಾಣದಿದ್ದ ಒಳ ಅಂಚೂ ಕಾಣುತ್ತದೆ. ಹಿಂದಿನ ಗಾಲಿಗಳಿಗೆ ಬ್ಯಾಟರಿ ಹಿಡಿದು ಕೆಳಗೆ ಬಗ್ಗಲೇಬೇಕು. ಬಟನ್ನುಗಳ ನಡುವಿನ ಸಂದುಗಳ ತಳದಲ್ಲಿ ಅಲ್ಲಲ್ಲಿ ಅಡ್ಡಕ್ಕೆ ಸಣ್ಣ ದಿಬ್ಬಗಳಿರುತ್ತವೆ. ಅವು ಎಲ್ಲಿವೆ ಎಂದು ತೋರಿಸಲು ಟೈರಿನ ಪಕ್ಕದಲ್ಲಿ ಪುಟ್ಟ ತ್ರಿಕೋನವೋ ‘ಟಿಡಬ್ಲ್ಯುಐ’ ಎಂಬ ಅಕ್ಷರಗಳೋ ಇರುತ್ತವೆ. ಬಟನ್ ಸವೆದು ಈ ದಿಬ್ಬದ ಮಟ್ಟಕ್ಕೆ ಬಂತೆಂದರೆ ಆಳ 1.6 ಮಿಲಿಮೀಟರಿಗೆ ಇಳಿದಿದೆ ಎಂದರ್ಥ. ನಮ್ಮ ದೇಶದಲ್ಲಿ ಕಾರಿನ ಟೈರಿಗೆ ಕಾನೂನು ಒಪ್ಪುವ ಕೊನೆಯ ಮಿತಿ ಅದು. ಹೊಸ ಟೈರಿನಲ್ಲಿ ಸಾಮಾನ್ಯವಾಗಿ 7ರಿಂದ 8 ಮಿಲಿಮೀಟರ್ ಇರುತ್ತದೆ. ನಮ್ಮ ಕಡೆಯ ಮಳೆಗೆ 1.6ರವರೆಗೆ ಕಾಯುವುದು ನನಗೆ ಸರಿ ಕಾಣುವುದಿಲ್ಲ. 3 ಮಿಲಿಮೀಟರಿಗೆ ಬಂದ ಟೈರನ್ನು ಮಿರ್ಗದ ಮಳೆಗೆ ಮೊದಲೇ ಬದಲಿಸುವುದು ಒಳ್ಳೆಯದು. ಆಳ ಅಳೆಯುವ ಗೇಜು ದುಬಾರಿಯಲ್ಲ. ಒಂದು ಕೊಂಡಿಟ್ಟುಕೊಂಡು ಒಳ ಅಂಚು, ನಡುವೆ, ಹೊರ ಅಂಚು ಹೀಗೆ ಮೂರು ಕಡೆ ಅಳೆದು ಒಂದು ವಹಿಯಲ್ಲಿ ಬರೆದಿಡಿ.

ಎರಡೂ ಅಂಚು ಸವೆದು ನಡುವಿನ ಭಾಗ ಎತ್ತರವಾಗಿ ಉಳಿದಿದ್ದರೆ ಹವಾ ಕಡಿಮೆ ಇಟ್ಟು ಓಡಿಸಿದ್ದೀರಿ. ನಡುವೆ ಮಾತ್ರ ಸವೆದಿದ್ದರೆ ಹವಾ ಹೆಚ್ಚಾಗಿತ್ತು. ಈ ಎರಡಕ್ಕೆ ಅಲೈನ್‌ಮೆಂಟ್, ಅಂದರೆ ಗಾಲಿಗಳ ಓರೆ ಸರಿಪಡಿಸುವ ಕೆಲಸ, ಮಾಡಿಸಿ ಪ್ರಯೋಜನವಿಲ್ಲ.

ಹವಾ ಹೊಡೆಯುವವರು “ಎಷ್ಟು ಹಾಕ್ಲಿರಿ?” ಎಂದು ಕೇಳಿದಾಗ ನಮ್ಮಲ್ಲಿ ಬಹಳ ಮಂದಿ “ನೀವ ನೋಡಿ ಹಾಕ್ರಿ” ಎನ್ನುತ್ತಾರೆ. ಹಾಗೆ ಅವರ ಮೇಲೆ ಬಿಡಬೇಡಿ. ಡ್ರೈವರ್ ಬಾಗಿಲು ತೆರೆದರೆ ಚೌಕಟ್ಟಿನ ಮೇಲೆ ಒಂದು ಚೀಟಿ ಅಂಟಿಸಿರುತ್ತಾರೆ. ಮುಂದೆ ಎಷ್ಟು, ಹಿಂದೆ ಎಷ್ಟು, ಮಂದಿ ತುಂಬಿದಾಗ ಎಷ್ಟು ಎಂದು ಅದರಲ್ಲಿ ಬರೆದಿರುತ್ತದೆ. ಸಣ್ಣ ಕಾರುಗಳಿಗೆ ಅದು ಹೆಚ್ಚಾಗಿ 30ರಿಂದ 35 ಪಿಎಸ್‌ಐ ಒಳಗೇ ಇರುತ್ತದೆ. ಟೈರಿನ ಮೈಮೇಲೆ ಅಚ್ಚು ಹಾಕಿರುವ 44 ಅಥವಾ 51 ಎಂಬ ಅಂಕಿ ಟೈರು ತಾಳುವ ಗರಿಷ್ಠ ಮಿತಿ. ಅದನ್ನು ನೋಡಿ ಹವಾ ತುಂಬಿಸಬಾರದು. ಅಳತೆಯನ್ನು ಬೆಳಿಗ್ಗೆ, ಟೈರು ತಣ್ಣಗಿರುವಾಗ ತೆಗೆಯಬೇಕು. ಉಷ್ಣತೆ 5–6 ಡಿಗ್ರಿ ಸೆಲ್ಸಿಯಸ್ ಏರಿದರೆ ಒತ್ತಡ ಸುಮಾರು 1 ಪಿಎಸ್‌ಐ ಏರುತ್ತದೆ. ಅನಮೋಡ ಘಾಟ್ ಹತ್ತಿ ಬಂದವರು ಬಿಸಿ ಟೈರಿನಲ್ಲಿ 36 ಕಂಡು ಹವಾ ಬಿಡಿಸಿದರೆ, ಮರುದಿನ ಬೆಳಿಗ್ಗೆ ಅದು ಬೇಕಾದ್ದಕ್ಕಿಂತ ಕೆಳಗೆ ಇಳಿದಿರುತ್ತದೆ. ಪಂಕ್ಚರ್ ಇಲ್ಲದಿದ್ದರೂ ತಿಂಗಳಿಗೆ 1 ಪಿಎಸ್‌ಐ ಆಸುಪಾಸು ತಾನಾಗಿ ಇಳಿಯುವುದುಂಟು. ಆದ್ದರಿಂದ ಹದಿನೈದು ದಿನಕ್ಕೊಮ್ಮೆ ನೋಡಿಸಿ. ನೈಟ್ರೋಜನ್ ಬೇಕೇ ಎಂದು ಕೇಳುವವರಿದ್ದಾರೆ. ನಾವು ಉಸಿರಾಡುವ ಗಾಳಿಯಲ್ಲೇ ನೂರಕ್ಕೆ 78 ಪಾಲು ನೈಟ್ರೋಜನ್ ಇದೆ. ಮನೆ ಕಾರಿಗೆ ಸಾದಾ ಹವಾ ಸಾಕು, ಅಳತೆ ತಪ್ಪದಿದ್ದರಾಯಿತು.

ಹವಾ ಕಡಿಮೆಯಾದರೆ ಟೈರು ಹಾಳಾಗುವುದಷ್ಟೇ ಅಲ್ಲ, ಮಳೆಯಲ್ಲಿ ಜೀವಕ್ಕೂ ಅಪಾಯ. ರಸ್ತೆಯ ಮೇಲೆ ನೀರು ನಿಂತಾಗ ಟೈರು ನೀರನ್ನು ಪಕ್ಕಕ್ಕೆ ತಳ್ಳಲಾಗದೆ ಅದರ ಮೇಲೆ ತೇಲುತ್ತದೆ. ಆಗ ಬ್ರೇಕೂ ಹಿಡಿಯದು, ಸ್ಟೀರಿಂಗೂ ಕೇಳದು. ಅಮೆರಿಕದ ನಾಸಾ ಸಂಸ್ಥೆಯವರು 1963ರಲ್ಲಿ ಮುಖ್ಯವಾಗಿ ವಿಮಾನದ ಟೈರುಗಳ ಮೇಲೆ ನಡೆಸಿದ ಅಧ್ಯಯನದಲ್ಲಿ, ತೇಲತೊಡಗುವ ವೇಗಕ್ಕೂ ಟೈರಿನ ಒತ್ತಡಕ್ಕೂ ಇರುವ ಸಂಬಂಧವನ್ನು ಒಂದು ಸೂತ್ರವಾಗಿ ಕೊಟ್ಟರು. ಅದರ ಪ್ರಕಾರ ಲೆಕ್ಕ ಹಾಕಿದರೆ 30 ಪಿಎಸ್‌ಐಗೆ ಆ ವೇಗ ಗಂಟೆಗೆ ಸುಮಾರು 91 ಕಿ.ಮೀ., 20 ಪಿಎಸ್‌ಐಗೆ ಸುಮಾರು 74 ಕಿ.ಮೀ. ಕಾರಿನ ಟೈರು ಬೇರೆ, ಬಟನ್ನಿನ ಆಳ ಬೇರೆ, ಆದ್ದರಿಂದ ಇದು ಅಂದಾಜು ಲೆಕ್ಕ. ಆದರೂ ಹವಾ ಇಳಿದಷ್ಟೂ ಕಡಿಮೆ ವೇಗದಲ್ಲೇ ಅಪಾಯ ಶುರುವಾಗುತ್ತದೆ ಎಂಬುದು ಇದರಿಂದ ತಿಳಿಯುತ್ತದೆ. ಅಂಚು ಬೋಳಾದ ಟೈರಿನಲ್ಲಿ ಆ ಕಡೆ ನೀರು ಹೋಗಲು ದಾರಿಯೇ ಇರುವುದಿಲ್ಲ.

ಇನ್ನು ಒಂದೇ ಬದಿಯ ಸವೆತಕ್ಕೆ ಬರೋಣ. ಗೊಂದಲ ಹೆಚ್ಚಿರುವುದು ಇಲ್ಲೇ. ಮೇಲಿನಿಂದ ಕೆಳಗೆ ನೋಡಿದರೆ ಮುಂದಿನ ಎರಡು ಗಾಲಿಗಳು ಬಹುತೇಕ ಒಂದಕ್ಕೊಂದು ಸಮಾನಾಂತರವಾಗಿರಬೇಕು. ಮುಂಭಾಗ ಒಳಕ್ಕೋ ಹೊರಕ್ಕೋ ಹೊರಳಿರುವ ಅಳತೆಗೆ ‘ಟೋ’ ಎನ್ನುತ್ತಾರೆ. ಇದು ಟೈರನ್ನು ಹೇಗೆ ತಿನ್ನುತ್ತದೆ ಎಂದು ತಿಳಿಯಲು ಒಂದು ಸೀಮೆಸುಣ್ಣದ ಕಡ್ಡಿ ಸಾಕು. ಕಪ್ಪು ಪಾಟಿಯ ಮೇಲೆ ಅದನ್ನು ಅಂಗೈ ಕೆಳಗಿಟ್ಟು ನೆಟ್ಟಗೆ ಉರುಳಿಸಿ, ಗುರುತು ಬಿದ್ದರೂ ತೆಳ್ಳಗೆ. ಅದೇ ಕಡ್ಡಿಯನ್ನು ಸ್ವಲ್ಪ ಓರೆ ಇಟ್ಟು ನೇರ ತಳ್ಳಿ, ಉರುಳುತ್ತಲೇ ಜಾರುತ್ತದೆ, ಪುಡಿ ಉದುರುತ್ತದೆ. ಟೋ ತಪ್ಪಿದ ಗಾಲಿಯೂ ಉರುಳುತ್ತಲೇ ಅಡ್ಡಕ್ಕೆ ಉಜ್ಜಿಕೊಂಡು ಹೋಗುತ್ತದೆ.

ಎಷ್ಟು ಉಜ್ಜುತ್ತದೆ? ಒಂದು ಗಾಲಿ ಕಾಲು ಡಿಗ್ರಿ, ಅಂದರೆ 15 ಮಿನಿಟ್ ಓರೆಯಾಗಿದೆ ಎಂದುಕೊಳ್ಳಿ. ಕಣ್ಣಿಗೆ ಅದು ಕಾಣುವುದೇ ಇಲ್ಲ. ಆದರೆ ಜ್ಯಾಮಿತಿಯ ಲೆಕ್ಕದಲ್ಲಿ ಪ್ರತಿ ಕಿಲೋಮೀಟರಿಗೆ ಸುಮಾರು 4.4 ಮೀಟರಿನಷ್ಟು ಅಡ್ಡ ಎಳೆತ ಬೀಳುತ್ತದೆ. ಖಾನಾಪುರದಿಂದ ಬೆಳಗಾವಿಗೆ ಸುಮಾರು 25 ಕಿ.ಮೀ. ದಾರಿ. ಒಂದು ಸಲ ಹೋಗುವಷ್ಟರಲ್ಲಿ ನೂರು ಮೀಟರಿಗೂ ಹೆಚ್ಚು. ರಬ್ಬರು ಸ್ವಲ್ಪ ಬಾಗಿ ಇದರಲ್ಲಿ ಒಂದಷ್ಟನ್ನು ನುಂಗಿಕೊಳ್ಳುತ್ತದೆ, ಉಳಿದದ್ದು ಸವೆತವಾಗುತ್ತದೆ. ನೌಕರಿಗಾಗಿ ದಿನಾ ಹೋಗಿ ಬರುವವರ ಟೈರು ಕೆಲವೇ ತಿಂಗಳಲ್ಲಿ ಅಂಚು ಕಳೆದುಕೊಂಡರೆ ಆಶ್ಚರ್ಯವಿಲ್ಲ.

ಟೋ ತಪ್ಪಿದ್ದನ್ನು ಕೈಯಿಂದಲೂ ಗುರುತಿಸಬಹುದು. ತಂತಿ ಹೊರಬಿದ್ದಿಲ್ಲವೆಂದು ಕಣ್ಣಿನಿಂದ ಖಚಿತ ಮಾಡಿಕೊಂಡ ಮೇಲೆಯೇ ಅಂಗೈಯನ್ನು ಬಟನ್ನಿನ ಮೇಲೆ ಒಳಗಿನಿಂದ ಹೊರಕ್ಕೆ, ಆಮೇಲೆ ಹೊರಗಿನಿಂದ ಒಳಕ್ಕೆ ನಿಧಾನವಾಗಿ ಸವರಿ. ಒಂದು ದಿಕ್ಕಿನಲ್ಲಿ ನುಣ್ಣಗೆ, ಇನ್ನೊಂದು ದಿಕ್ಕಿನಲ್ಲಿ ಚೂಪಾಗಿ ತಾಗಿದರೆ ಟೋ ತಪ್ಪಿದೆ. ಗಾಲಿಯ ಮುಂಭಾಗ ಹೊರಗೆ ಹೊರಳಿದ್ದರೆ ಹೆಚ್ಚಾಗಿ ಒಳ ಅಂಚು ಸವೆಯುತ್ತದೆ, ಒಳಗೆ ಹೊರಳಿದ್ದರೆ ಹೊರ ಅಂಚು. ಆದರೆ ಮೇಲ್ಮೈ ನುಣ್ಣಗಿದ್ದು ಒಂದು ಅಂಚು ಮಾತ್ರ ಇಳಿಜಾರಾಗಿ ಸವೆದಿದ್ದರೆ ‘ಕ್ಯಾಂಬರ್’ ಮೇಲೆ ಸಂಶಯ ಪಡಬೇಕು. ಕಾರಿನ ಎದುರು ನಿಂತು ನೋಡಿದಾಗ ಗಾಲಿಯ ಮೇಲ್ಭಾಗ ಒಳಕ್ಕೆ ಅಥವಾ ಹೊರಕ್ಕೆ ವಾಲಿರುವ ಅಳತೆ ಅದು.

ಈ ಅಳತೆಗಳು ತಪ್ಪುವುದಕ್ಕೆ ನಮ್ಮ ದಾರಿಗಳಲ್ಲಿ ಕಾರಣ ಬೇಕಾದಷ್ಟಿವೆ. ಹಿಂದೆ 4ಎ ಎಂದು ಕರೆಯುತ್ತಿದ್ದ, ಈಗ 748 ಎಂಬ ಸಂಖ್ಯೆಯ ಬೆಳಗಾವಿ–ಪಣಜಿ ಹೆದ್ದಾರಿ ಖಾನಾಪುರ ದಾಟಿ ಕಾಡಿನ ಕಡೆಗೆ ಸಾಗುತ್ತದೆ. ಆ ಭಾಗದ ಅಗಲೀಕರಣ ವರ್ಷಗಟ್ಟಲೆ ಎಳೆದದ್ದನ್ನು ಇಲ್ಲಿಯವರಿಗೆ ಹೇಳಬೇಕಾಗಿಲ್ಲ. ಮಳೆಗಾಲದಲ್ಲಿ ಗುಂಡಿಯಲ್ಲಿ ನೀರು ತುಂಬಿ ಆಳ ಗೊತ್ತಾಗುವುದಿಲ್ಲ. ಇನ್ನು ಹಳ್ಳಿಯ ಕಿರಿದಾದ ಡಾಂಬರು ರಸ್ತೆಗಳಲ್ಲಿ ಎದುರಿನಿಂದ ಬಸ್ಸು ಬಂದರೆ ಎಡಗಡೆಯ ಗಾಲಿಗಳನ್ನು ಕೆಳಗೆ ಇಳಿಸಲೇಬೇಕು. ಮಳೆಗೆ ಅಂಚಿನ ಮಣ್ಣು ಕೊಚ್ಚಿ ಹೋಗಿ ಡಾಂಬರು ಮೆಟ್ಟಿಲಿನಂತೆ ನಿಂತಿರುತ್ತದೆ. ಇಳಿಯುವಾಗಲೂ ಹತ್ತುವಾಗಲೂ ಎಡಗಡೆಯ ಮುಂದಿನ ಗಾಲಿಗೆ ಹೊಡೆತ ಬೀಳುತ್ತದೆ. ಆ ಅಂಚನ್ನು ತೀರ ಓರೆಯಾಗಿ, ಟೈರಿನ ಪಕ್ಕ ಉಜ್ಜಿಕೊಂಡು ಹತ್ತಬೇಡಿ. ವೇಗ ಪೂರ್ತಿ ಇಳಿಸಿ, ಅಂಚು ಗಿಡ್ಡಗಿರುವ ಜಾಗ ನೋಡಿ ಹತ್ತಿಸಿ. ಹೊಡೆತ ತಿಂದ ಟೈರಿನ ಪಕ್ಕದಲ್ಲಿ ಗುಳ್ಳೆ ಎದ್ದಿದ್ದರೆ ಒಳಗಿನ ನೂಲು ಹರಿದಿದೆ. ಅದಕ್ಕೆ ರಿಪೇರಿ ಇಲ್ಲ, ಆ ಟೈರಿನಲ್ಲಿ ಮನೆಮಂದಿಯನ್ನು ಕೂರಿಸಿಕೊಂಡು ಹೋಗಬಾರದು.

ಟೈರಿನ ಸುತ್ತ ಅಲ್ಲಲ್ಲಿ ತಗ್ಗು ಬಿದ್ದಿದ್ದರೆ, ಓಡುವಾಗ ಗುಂಯ್ ಎಂಬ ಸದ್ದು ಬರುತ್ತಿದ್ದರೆ ಶಾಕ್ ಅಬ್ಸಾರ್ಬರ್ ದಣಿದಿರಬಹುದು. ಗುಂಡಿ ದಾಟಿದ ಮೇಲೆ ಗಾಲಿ ನೆಲಕ್ಕೆ ಕಚ್ಚಿ ನಿಲ್ಲದೆ ಪುಟಿಯುತ್ತಾ ಹೋಗುವುದರಿಂದ ಹೀಗಾಗುತ್ತದೆ. ಬ್ಯಾಲೆನ್ಸಿಂಗ್, ಅಂದರೆ ಗಾಲಿಯ ಸುತ್ತ ತೂಕದ ಸಮತೋಲ, ತಪ್ಪಿದರೂ ಇಂಥದೇ ಗುರುತು ಬೀಳುವುದುಂಟು. ಜೊತೆಗೆ 80 ಕಿ.ಮೀ. ಆಸುಪಾಸಿನ ವೇಗದಲ್ಲಿ ಸ್ಟೀರಿಂಗ್ ನಡುಗುತ್ತದೆ. ಇಲ್ಲಿಯ ಕೆಂಪು ಮಣ್ಣಿನ ದಾರಿಯವರು ಒಂದು ವಿಷಯ ನೆನಪಿಡಬೇಕು. ಮಳೆಗಾಲದ ರಾಡಿ ರಿಮ್ಮಿನ ಒಳಮೈಗೆ ಮೆತ್ತಿಕೊಂಡು ಒಣಗಿದರೆ ಅಷ್ಟರಿಂದಲೇ ತೂಕ ಏರುಪೇರಾಗಿ ನಡುಕ ಬರುತ್ತದೆ. ಅಂಗಡಿಗೆ ಹೋಗುವ ಮೊದಲು ರಿಮ್ಮಿನ ಒಳಗಡೆ ನೀರು ಹೊಡೆದು ತೊಳೆಯಿರಿ. ಮಣ್ಣಿನ ಸಮೇತ ಬ್ಯಾಲೆನ್ಸ್ ಮಾಡಿಸಿದರೆ, ಮಣ್ಣು ಉದುರಿದ ದಿನ ಮತ್ತೆ ನಡುಕ ಶುರುವಾಗುತ್ತದೆ.

ಅಂಗಡಿಯಲ್ಲಿ ಕೆಲಸದ ಕ್ರಮ ಮುಖ್ಯ. ನಾಲ್ಕೂ ಗಾಲಿಗೆ ಹವಾ ಸರಿ ಮಾಡಿಸಿ. ಆಮೇಲೆ ಕಾರನ್ನು ಎತ್ತಿ, ಗಾಲಿಯನ್ನು ಮೇಲೆ ಕೆಳಗೆ, ಎಡಕ್ಕೆ ಬಲಕ್ಕೆ ಹಿಡಿದು ಅಲುಗಾಡಿಸಿ ನೋಡಲು ಹೇಳಿ. ಟೈ ರಾಡ್ ಎಂಡ್, ಬಾಲ್ ಜಾಯಿಂಟ್, ಲೋವರ್ ಆರ್ಮಿನ ಬುಷ್, ಗಾಲಿಯ ಬೇರಿಂಗ್ ಇವುಗಳಲ್ಲಿ ಯಾವುದು ಸಡಿಲವಾಗಿದ್ದರೂ ಮೊದಲು ಅದನ್ನು ಬದಲಿಸಬೇಕು. ಸಡಿಲ ಜಾಯಿಂಟ್ ಇಟ್ಟುಕೊಂಡು ಮಾಡಿಸಿದ ಅಲೈನ್‌ಮೆಂಟ್ ಮುಂದಿನ ಗುಂಡಿಯವರೆಗೂ ನಿಲ್ಲುವುದಿಲ್ಲ. ಕೊನೆಗೆ ಅಲೈನ್‌ಮೆಂಟ್. ಮುಂಚಿನ ಅಳತೆ, ನಂತರದ ಅಳತೆ ಎರಡನ್ನೂ ಮುದ್ರಿಸಿದ ಕಾಗದ ಕೇಳಿ ಪಡೆಯಿರಿ. ಅಳತೆಗಳು ಡಿಗ್ರಿ, ಮಿನಿಟಿನಲ್ಲಿರುತ್ತವೆ, ಮಿತಿ ದಾಟಿದ್ದನ್ನು ಹೆಚ್ಚಿನ ಯಂತ್ರಗಳು ಕೆಂಪಿನಲ್ಲಿ ತೋರಿಸುತ್ತವೆ. ಬಹುತೇಕ ಸಣ್ಣ ಕಾರುಗಳಲ್ಲಿ ತಿರುಗಿಸಿ ಸರಿಪಡಿಸಲು ಬರುವುದು ಮುಂದಿನ ಟೋ ಒಂದೇ. ಕ್ಯಾಂಬರ್ ಕೆಂಪಾಗಿದ್ದರೆ ಸ್ಟ್ರಟ್ಟೋ ಲೋವರ್ ಆರ್ಮೋ ಬಾಗಿದೆಯೇ ಎಂದು ಹುಡುಕಬೇಕು. ಕೆಲವು ಕಡೆ ಹೈಡ್ರಾಲಿಕ್ ಜಾಕಿನಿಂದ ಒತ್ತಿ ಬಗ್ಗಿಸಿ ಅಂಕಿ ಹಸಿರಾಗಿಸಿ ಕೊಡುತ್ತಾರೆ. ನನ್ನ ಮಟ್ಟಿಗೆ ಅದಕ್ಕೆ ಒಪ್ಪಬಾರದು. ಬಾಗಿದ ಲೋಹವನ್ನು ಮತ್ತೊಮ್ಮೆ ಬಗ್ಗಿಸಿದರೆ ಅದು ಹಳೆಯ ಬಲಕ್ಕೆ ಮರಳುವುದಿಲ್ಲ. ಹಿಂದಿನ ಟೈರು ಒಂದು ಬದಿ ಸವೆಯುತ್ತಿದ್ದರೆ ಹಿಂದಿನ ಆಕ್ಸಲ್ ಬಾಗಿದೆಯೇ ಎಂದೂ ನೋಡಿಸಿ.

ಕಾರು ಎಡಕ್ಕೆ ಸ್ವಲ್ಪ ಎಳೆಯುತ್ತದೆ ಎಂಬುದೊಂದನ್ನೇ ಹಿಡಿದು ಗಾಬರಿಯಾಗಬೇಡಿ. ಮಳೆನೀರು ಹರಿದುಹೋಗಲೆಂದು ರಸ್ತೆಯನ್ನು ಅಂಚಿನ ಕಡೆಗೆ ಇಳಿಜಾರಾಗಿ ಮಾಡಿರುತ್ತಾರೆ, ಎಡಗಡೆ ಓಡಿಸುವ ನಮ್ಮಲ್ಲಿ ಕಾರು ಆ ಕಡೆ ವಾಲುವುದು ಸಹಜ. ಸಮತಟ್ಟು ರಸ್ತೆಯಲ್ಲೂ ಎಳೆದರೆ ಆಗ ತೋರಿಸಿ.

ಮುಂದಿನ ಗಾಲಿಯೇ ಎಳೆಯುವ ಕಾರುಗಳಲ್ಲಿ ಮುಂದಿನ ಟೈರು ಬೇಗ ಸವೆಯುವುದು ದೋಷವಲ್ಲ. ಎಳೆಯುವುದು, ತಿರುಗಿಸುವುದು, ಬ್ರೇಕಿನ ಹೆಚ್ಚಿನ ಪಾಲು ಎಲ್ಲವೂ ಅವುಗಳ ಮೇಲೆ. ಅದಕ್ಕಾಗಿ 8,000ದಿಂದ 10,000 ಕಿ.ಮೀ. ಒಳಗೆ ಒಮ್ಮೆ ಟೈರುಗಳ ಜಾಗ ಬದಲಿಸಬೇಕು. ಮುಂದಿನವು ಅದೇ ಬದಿಯಲ್ಲಿ ಹಿಂದಕ್ಕೆ, ಹಿಂದಿನವು ಎಡ ಬಲ ಅದಲಾಗಿ ಮುಂದಕ್ಕೆ. ತಿರುಗುವ ದಿಕ್ಕಿನ ಬಾಣ ಇರುವ ಟೈರನ್ನು ಮಾತ್ರ ಬದಿ ಬದಲಿಸದೆ ಹಿಂದೆ ಮುಂದೆ ಹಾಕಬೇಕು. ಕಾರಣ ಸರಿಪಡಿಸದೆ ಜಾಗ ಬದಲಿಸಿದರೆ ಎರಡರ ಬದಲು ನಾಲ್ಕು ಟೈರು ಹಾಳಾಗುತ್ತವೆ. ಎರಡೇ ಹೊಸ ಟೈರು ಕೊಂಡರೆ ಅವನ್ನು ಹಿಂದೆ ಹಾಕಿಸಿ. ಒದ್ದೆ ತಿರುವಿನಲ್ಲಿ ಹಿಂಭಾಗ ಜಾರಿದರೆ ಕಾರು ಗಿರಕಿ ಹೊಡೆಯುತ್ತದೆ, ಅದನ್ನು ತಡೆಯುವುದು ಮುಂಭಾಗದ ಜಾರುವಿಕೆಯನ್ನು ತಡೆಯುವುದಕ್ಕಿಂತ ಬಹಳ ಕಷ್ಟ. ಕೊಳ್ಳುವಾಗ ಪಕ್ಕದಲ್ಲಿರುವ ನಾಲ್ಕು ಅಂಕಿಯನ್ನೂ ನೋಡಿ. 2324 ಎಂದಿದ್ದರೆ 2024ರ 23ನೇ ವಾರದಲ್ಲಿ ತಯಾರಾದದ್ದು.

ಅಲೈನ್‌ಮೆಂಟ್ ಆದ ಮೇಲೂ ಹಳೆಯ ಟೈರಿನ ಸದ್ದು ಕೂಡಲೇ ನಿಲ್ಲುವುದಿಲ್ಲ, ಏಕೆಂದರೆ ಬಿದ್ದ ಗುರುತು ಅಳಿಯುವುದಿಲ್ಲ. ಕೆಲಸ ಸರಿಯಾಯಿತೋ ಇಲ್ಲವೋ ಎಂದು ತಿಳಿಯಲು ಸದ್ದನ್ನು ನಂಬಬೇಡಿ, ಗೇಜನ್ನು ನಂಬಿ. ಎರಡು ಸಾವಿರ ಕಿಲೋಮೀಟರ್ ಓಡಿಸಿದ ಮೇಲೆ ಅದೇ ಮೂರು ಕಡೆ ಅಳೆದು ವಹಿಯ ಹಳೆಯ ಅಂಕಿಯ ಪಕ್ಕದಲ್ಲಿ ಬರೆಯಿರಿ. ಒಳ ಅಂಚಿಗೂ ಹೊರ ಅಂಚಿಗೂ ಇದ್ದ ಅಂತರ ಅಷ್ಟಕ್ಕೇ ನಿಂತಿದ್ದರೆ ರೋಗ ವಾಸಿಯಾಗಿದೆ. ಅಂತರ ಬೆಳೆದಿದ್ದರೆ ಆ ವಹಿ, ಮುದ್ರಿಸಿದ ಕಾಗದ ಎರಡನ್ನೂ ಹಿಡಿದುಕೊಂಡು ಅದೇ ಅಂಗಡಿಗೆ ಹೋಗಿ, ಯಾವ ಜಾಯಿಂಟ್ ಪರೀಕ್ಷಿಸಿದ್ದರು, ಯಾವುದನ್ನು ಬಿಟ್ಟಿದ್ದರು ಎಂದು ಕೇಳಿ.